ಅಂಟಿಸಿದ ತೋಳು, ಬದಲಾಗುವ ನಿಯಮ

ಒಂದು ಆಟದ ನಿಯಮಗಳನ್ನು ಎಷ್ಟು ಸಲ ಬದಲಿಸಬಹುದು? ಬದಲಿಸುವ ಹಕ್ಕು ಯಾರದು? ಕ್ರಿಕೆಟ್‌ನಲ್ಲಿ ಓವರಿಗೆ ಎಷ್ಟು ಬೌನ್ಸರ್ ಎಂಬ ನಿಯಮ ಬದಲಾದರೆ ಬೌಲರ್ ತನ್ನ ಲೆಕ್ಕಾಚಾರ ಬದಲಿಸಿಕೊಳ್ಳುತ್ತಾನೆ, ಅವನ ಕೈಯಲ್ಲಿರುವ ಚೆಂಡು ಹಾಗೇ ಇರುತ್ತದೆ. ಮೇಜಿನ ಮೇಲೆ ಕಿರುಬೊಂಬೆಗಳ ಪಡೆ ಕಟ್ಟಿ ಆಡುವ ಯುದ್ಧದಾಟಗಳಲ್ಲಿ ಹಾಗಲ್ಲ. ಅಲ್ಲಿ ಆಟಗಾರ ತನ್ನ ಪಡೆಯನ್ನು ದುಡ್ಡು ಕೊಟ್ಟು ತರುತ್ತಾನೆ, ಪ್ಲಾಸ್ಟಿಕ್ ಚೌಕಟ್ಟಿನಿಂದ ಕೈಕಾಲು ತಲೆಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸುತ್ತಾನೆ, ಸಣ್ಣ ಕುಂಚ ಹಿಡಿದು ತಿಂಗಳುಗಟ್ಟಲೆ ಬಣ್ಣ ಹಚ್ಚುತ್ತಾನೆ. ಆಮೇಲೊಂದು ದಿನ ಆಟ ತಯಾರಿಸಿದ ಕಂಪನಿ ನಿಯಮ ತಿದ್ದುತ್ತದೆ. ನಿನ್ನೆಯವರೆಗೆ ಪಡೆಯ ಬೆನ್ನೆಲುಬಾಗಿದ್ದ ತುಕಡಿಯನ್ನು ಇವತ್ತು ಆಡಿಸಿದರೆ ಸೋಲೇ ಗತಿ ಎಂಬಂತಾಗುತ್ತದೆ. ತಿದ್ದದೆ ಬಿಟ್ಟರೂ ಅನ್ಯಾಯವೇ. ಲೆಕ್ಕ ತಪ್ಪಿ ಮಿತಿಮೀರಿ ಬಲಿತ ಪಡೆಯೊಂದು ಉಳಿದವರನ್ನೆಲ್ಲ ತುಳಿಯುತ್ತ ಹೋಗುತ್ತದೆ. ಈ ಎರಡು ಅನ್ಯಾಯಗಳ ನಡುವೆ ದಾರಿಯಿದೆ ಎಂದು ನಾನು ನಂಬಿದ್ದೇನೆ. ಬೊಂಬೆಯ ಬೆಲೆಯನ್ನು ಬೇಕಾದಷ್ಟು ಸಲ ತಿದ್ದಲಿ, ಅದರ ಗುಣವನ್ನು ಅಪರೂಪಕ್ಕೆ ಮುಟ್ಟಲಿ, ಅದನ್ನು ಆಡಿಸುವ ಹಕ್ಕನ್ನು ಮಾತ್ರ ಎಂದೂ ಕಸಿಯದಿರಲಿ.

ಬೆಲೆ ಎಂದರೆ ಇಲ್ಲಿ ರೂಪಾಯಿಯದಲ್ಲ, ಪಾಯಿಂಟ್‌ಗಳದು. ಈ ಆಟಗಳಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ವಾರ್‌ಹ್ಯಾಮರ್ 40,000. ರಿಕ್ ಪ್ರೀಸ್ಟ್ಲಿ ಬರೆದ ಅದರ ಮೊದಲ ಆವೃತ್ತಿ 1987ರಲ್ಲಿ ಬಂತು, ಹತ್ತನೆಯ ಆವೃತ್ತಿ 2023ರಲ್ಲಿ. ಇಬ್ಬರು ಆಟಗಾರರು ತಲಾ 2000 ಪಾಯಿಂಟ್‌ಗಳಷ್ಟು ಪಡೆ ಆರಿಸಿಕೊಳ್ಳುವುದು ಈಗಿನ ರೂಢಿ. ಪ್ರತಿ ತುಕಡಿಗೂ ಇಷ್ಟು ಪಾಯಿಂಟ್ ಎಂಬ ಬೆಲೆಪಟ್ಟಿ ಇರುತ್ತದೆ. ಒಬ್ಬನದು ನೂರಾರು ದುರ್ಬಲ ಕಾಲಾಳುಗಳ ಹಿಂಡಾಗಿರಬಹುದು, ಇನ್ನೊಬ್ಬನದು ನಾಲ್ಕೈದು ದೈತ್ಯ ಯಂತ್ರಗಳಾಗಿರಬಹುದು. ಮೊತ್ತ ಒಂದೇ ಆದರೆ ಬಲವೂ ಸರಿಸುಮಾರು ಒಂದೇ ಎಂಬ ನಂಬಿಕೆಯ ಮೇಲೆ ಇಂಚುಪಟ್ಟಿ ಹಿಡಿದು, ದಾಳ ಉರುಳಿಸಿ ಆಡುತ್ತಾರೆ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನೋಡುವುದು ಒಳ್ಳೆಯದು. ಸಮಬಲದ ಬೇಡಿಕೆಯನ್ನು ಯುದ್ಧ ಹುಟ್ಟಿಸಿದ್ದಲ್ಲ. ನಮ್ಮ ಚತುರಂಗದಿಂದ ಬೆಳೆದ ಚದುರಂಗದಲ್ಲಿ ಎರಡೂ ಕಡೆ ಅವೇ ಕಾಯಿ, ಅಷ್ಟೇ ಕಾಯಿ, ಆದ್ದರಿಂದ ಅಲ್ಲಿ ಬೆಲೆಪಟ್ಟಿ ಬೇಕಿಲ್ಲ. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್‌ವಿಗ್ ಈ ಚದುರಂಗವನ್ನೇ ಹಿಗ್ಗಿಸಿ, ಮನೆಗಳಿಗೆ ಬೆಟ್ಟ ನದಿಗಳ ಗುಣ ಕೊಟ್ಟು ಯುದ್ಧದಾಟ ಮಾಡಿದ. ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ 1824ರಲ್ಲಿ ಹೊರತಂದ 'ಕ್ರೀಗ್ಸ್‌ಪೀಲ್' ಚೌಕದ ಮನೆಗಳನ್ನೇ ಕೈಬಿಟ್ಟಿತು. ನಿಜವಾದ ಭೂಪಟ, ದಾಳ, ಸಾವುನೋವಿನ ಕೋಷ್ಟಕ, ನಡುವೆ ಒಬ್ಬ ತೀರ್ಪುಗಾರ. ಸೇನಾಧಿಕಾರಿಗಳಿಗೆ ಅದು ಪಾಠ. ಒಂದು ಕಡೆ ಮೂರು ಪಟ್ಟು ಸೈನಿಕರಿದ್ದರೂ ದೂರುವವರಿಲ್ಲ, ಸೋಲುವ ಪಡೆಯನ್ನು ಚೆನ್ನಾಗಿ ಹಿಂದೆಗೆಸುವುದೂ ಕಲಿಯಬೇಕಾದ ವಿದ್ಯೆಯೇ. 1876ರಲ್ಲಿ ಫೆರ್ಡಿ ದು ವೆರ್ನುವಾ ಇನ್ನೂ ಮುಂದೆ ಹೋಗಿ, ಕೋಷ್ಟಕಗಳ ಹೊರೆಯನ್ನು ಇಳಿಸಿ, ಅನುಭವಿ ತೀರ್ಪುಗಾರನ ವಿವೇಚನೆಗೇ ಎಲ್ಲವನ್ನೂ ಬಿಟ್ಟ.

ಇದೇ ಆಟ ಸೇನಾ ಕಚೇರಿಯಿಂದ ಮನೆಯ ಪಡಸಾಲೆಗೆ ಬಂದಾಗ ತೀರ್ಪುಗಾರ ಇಲ್ಲವಾದ. ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಬರೆದು ಆಟಿಕೆ ಸಿಪಾಯಿಗಳ ಮೇಲೆ ಸ್ಪ್ರಿಂಗ್ ತೋಪಿನಿಂದ ಗುಂಡು ಹಾರಿಸುವ ಆಟಕ್ಕೆ ನಿಯಮ ಕೊಟ್ಟಾಗ ಅಲ್ಲಿದ್ದವರು ಸಂಜೆ ಸಂತೋಷವಾಗಿ ಕಳೆಯಲು ಕೂಡಿದ ಗೆಳೆಯರು. ಕಲಿಸುವವನೂ ಇಲ್ಲ, ಕಲಿಯುವವನೂ ಇಲ್ಲ. ಇಬ್ಬರಿಗೂ ಗೆಲ್ಲುವ ಅವಕಾಶ ಇರಬೇಕು ಎಂಬ ಮಾತು ಮೊಳೆಯುವುದು ಇಲ್ಲಿ. ಎದುರಿಗೆ ಕೂತವನ ಸಂಜೆಯನ್ನು ಹಾಳುಮಾಡುವುದಿಲ್ಲ ಎಂದು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತು ಅದು. ಸಮತೋಲದ ಚರ್ಚೆಯಲ್ಲಿ ಇದನ್ನು ಮರೆತು ಬರೀ ಅಂಕಿಅಂಶ ಹಿಡಿದವರು ದಾರಿ ತಪ್ಪುತ್ತಾರೆಂದು ನನಗೆ ಅನ್ನಿಸುತ್ತದೆ.

ಪಾಯಿಂಟ್ ಪದ್ಧತಿ ಎಷ್ಟು ಮುಖ್ಯ ಎಂಬುದನ್ನು ಗೇಮ್ಸ್ ವರ್ಕ್‌ಶಾಪ್ 2015ರಲ್ಲಿ ಕಲಿಯಿತು. 1983ರಿಂದ ನಡೆದು ಬಂದಿದ್ದ ತನ್ನ ಮೊದಲ ವಾರ್‌ಹ್ಯಾಮರ್ ಆಟವನ್ನು, ಅದರ ಕಥಾಲೋಕದ ಸಮೇತ ಮುಗಿಸಿ, ಆ ವರ್ಷ 'ಏಜ್ ಆಫ್ ಸಿಗ್ಮಾರ್' ಎಂಬ ಹೊಸ ಆಟ ತಂದಿತು. ಅದರಲ್ಲಿ ಪಾಯಿಂಟ್‌ಗಳೇ ಇರಲಿಲ್ಲ. ನಿಮಗೆ ಇಷ್ಟವಾದಷ್ಟು ಬೊಂಬೆ ತಂದು, ಇಬ್ಬರಿಗೂ ಒಪ್ಪಿಗೆಯಾಗುವಂತೆ ಆಡಿ ಎಂಬ ಧೋರಣೆ. ಆಪ್ತ ಗೆಳೆಯರಿಗೆ ಇದು ಸರಿಹೋಗಬಹುದು. ಅಂಗಡಿಯ ಮೇಜಿಗೆ ಬಂದ ಇಬ್ಬರು ಅಪರಿಚಿತರು ಏನು ಮಾಡಬೇಕು? ನಿನ್ನ ಡ್ರ್ಯಾಗನ್ ಎಷ್ಟು ಕಾಲಾಳುಗಳಿಗೆ ಸಮ ಎಂದು ಪ್ರತಿ ಸಲ ಮೊದಲಿನಿಂದ ಚೌಕಾಸಿ ಮಾಡುತ್ತ ಕೂರಬೇಕು. ಆಟಗಾರರು ತಾವೇ ಬೆಲೆಪಟ್ಟಿಗಳನ್ನು ಮಾಡಿಕೊಂಡು ಆಡತೊಡಗಿದರು. ಮರುವರ್ಷವೇ, 2016ರಲ್ಲಿ, ಕಂಪನಿ 'ಜನರಲ್ಸ್ ಹ್ಯಾಂಡ್‌ಬುಕ್' ಎಂಬ ಪುಸ್ತಕದ ಮೂಲಕ ಪಾಯಿಂಟ್‌ಗಳನ್ನು ಮರಳಿ ತಂದಿತು. ಸ್ವಾತಂತ್ರ್ಯ ಕೊಟ್ಟಿದ್ದೇವೆ ಎಂದುಕೊಂಡವರು ನಿಜಕ್ಕೂ ಕಿತ್ತುಕೊಂಡದ್ದು ಗುರುತಿಲ್ಲದವರ ಜೊತೆ ಕೂತು ಆಡುವ ಅನುಕೂಲವನ್ನು.

ಹಾಗಿದ್ದರೆ ಬೆಲೆ ಕಟ್ಟಿಬಿಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ವಾರ್‌ಹ್ಯಾಮರ್ 40,000ದ ಸಾಮಾನ್ಯ ಲೆಕ್ಕವೊಂದನ್ನು ತೆಗೆದುಕೊಳ್ಳೋಣ. ಹತ್ತು ಗುಂಡು ಹಾರುತ್ತವೆ. ದಾಳದಲ್ಲಿ ಮೂರು ಅಥವಾ ಹೆಚ್ಚು ಬಿದ್ದರೆ ಗುರಿ ಮುಟ್ಟಿತು ಅನ್ನೋಣ. ಮುಟ್ಟಿದವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದದ್ದು ಗಾಯ. ಎದುರಾಳಿಯ ಕವಚಕ್ಕೆ ಮೂರು ಅಥವಾ ಹೆಚ್ಚು ಬಿದ್ದರೆ ಗಾಯ ತಪ್ಪಿತು. ಸರಾಸರಿ ನೋಡಿದರೆ ಈ ಹತ್ತು ಗುಂಡಿಗೆ ನಾಟುವುದು 1.1 ಗಾಯ. ಈಗ ಆಯುಧದ ಭೇದನಶಕ್ತಿಯನ್ನು ಒಂದೇ ಒಂದು ಹೆಚ್ಚಿಸಿ. ಕವಚಕ್ಕೆ ನಾಲ್ಕು ಬೇಕಾಗುತ್ತದೆ, ಗಾಯಗಳು 1.7ರ ಹತ್ತಿರ ಬರುತ್ತವೆ. ಆ ಪಡೆಯ ನಿಯಮಪುಸ್ತಕದಲ್ಲಿ ಒಂದು ಅಂಕಿ ಬದಲಾದದ್ದಕ್ಕೆ ಮೇಜಿನ ಮೇಲೆ ಹಾನಿ ಒಂದೂವರೆ ಪಟ್ಟು. ಹೊಸ ಪುಸ್ತಕ ಬಂದ ಹಾಗೆಲ್ಲ ಇನ್ನೊಂದು ಪಡೆಗೆ, ಮತ್ತೊಂದು ಪಡೆಗೆ ಈ ಒಂದು ಅಂಕಿ ಸಿಗುತ್ತ ಹೋದರೆ, ಕವಚವನ್ನೇ ನಂಬಿದ ಹಳೆಯ ಪಡೆಗಳು ತಮ್ಮ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗದೆ ಸೊರಗುತ್ತವೆ. ಒಂಬತ್ತನೆಯ ಆವೃತ್ತಿಯಲ್ಲಿ ನಡೆದದ್ದು ಇದೇ. 2022ರ ಏಪ್ರಿಲ್‌ನಲ್ಲಿ ಕಂಪನಿ 'ಆರ್ಮರ್ ಆಫ್ ಕಂಟೆಂಪ್ಟ್' ಎಂಬ ನಿಯಮ ತಂದು ಕವಚವನ್ನೇ ನಂಬಿದ ಸ್ಪೇಸ್ ಮರೀನ್ ಮುಂತಾದ ಪಡೆಗಳ ಮೇಲೆ ಬರುವ ಏಟಿನ ಭೇದನಶಕ್ತಿಯನ್ನು ಒಂದು ಇಳಿಸಿತು. ರೋಗ ಆಯುಧಗಳದ್ದು, ಔಷಧಿ ಕೊಟ್ಟದ್ದು ಕವಚಕ್ಕೆ. ಮರುವರ್ಷದ ಹತ್ತನೆಯ ಆವೃತ್ತಿ ಆಯುಧಗಳ ಭೇದನಶಕ್ತಿಯನ್ನೇ ಒಟ್ಟಾರೆ ತಗ್ಗಿಸಲು ಹೊರಟಿತು. ಬೆಲೆ ತಿದ್ದಿದರೆ ಒಂದು ತುಕಡಿಯಷ್ಟೇ ಅಲುಗುತ್ತದೆ, ಗುಣ ತಿದ್ದಿದರೆ ಅದರ ಎದುರು ನಿಲ್ಲುವ ಎಲ್ಲವೂ ಅಲುಗುತ್ತದೆ. ಬೆಲೆಯನ್ನು ಧಾರಾಳವಾಗಿ ತಿದ್ದಿ, ಗುಣವನ್ನು ಜಿಪುಣತನದಿಂದ ತಿದ್ದಿ ಎನ್ನಲು ನನಗಿರುವ ಕಾರಣ ಇದು.

ಬೆಲೆಯನ್ನು ಎಲ್ಲಿ ಅಚ್ಚು ಹಾಕುತ್ತೇವೆ ಎಂಬುದೂ ದೊಡ್ಡ ವಿಷಯವೇ. ಫ್ಯಾಂಟಸಿ ಫ್ಲೈಟ್ ಕಂಪನಿ 2012ರಲ್ಲಿ ತಂದ 'ಎಕ್ಸ್-ವಿಂಗ್' ಆಟದಲ್ಲಿ ಪ್ರತಿ ವಿಮಾನದ ಪಾಯಿಂಟ್ ಅದರ ಕಾರ್ಡಿನ ಮೇಲೇ ಇತ್ತು. ಬೆಲೆ ತಪ್ಪಿದೆ ಎಂದು ಗೊತ್ತಾದ ಮೇಲೂ ತಿದ್ದುವ ಹಾಗಿಲ್ಲ. ದುಬಾರಿಯಾದ ವಿಮಾನಕ್ಕೆ ರಿಯಾಯಿತಿ ಕೊಡುವ ಹೊಸ ಕಾರ್ಡನ್ನು ಮುಂದಿನ ಯಾವುದೋ ಪೆಟ್ಟಿಗೆಯಲ್ಲಿಟ್ಟು ಮಾರಬೇಕು, ತಿದ್ದುಪಡಿ ಬೇಕಾದವನು ಆ ಪೆಟ್ಟಿಗೆ ಕೊಳ್ಳಬೇಕು. 2018ರ ಎರಡನೆಯ ಆವೃತ್ತಿ ಪಾಯಿಂಟ್‌ಗಳನ್ನು ಕಾರ್ಡಿನಿಂದ ತೆಗೆದು ಆ್ಯಪ್‌ಗೂ ಪಿಡಿಎಫ್‌ಗೂ ಸಾಗಿಸಿದ್ದು ಈ ಇಕ್ಕಟ್ಟಿನಿಂದ ಹೊರಬರಲು. ಬೇಗ ಬದಲಾಗಬೇಕಾದದ್ದು ಕಾಗದದ ಮೇಲಿರಬಾರದು, ಪುಕ್ಕಟೆ ಸಿಗಬೇಕು. ಬೇಗ ಬದಲಾಗಬಾರದ್ದು ಗಟ್ಟಿ ರಟ್ಟಿನ ಪುಸ್ತಕದಲ್ಲಿರಲಿ. ದುಬಾರಿ ಪುಸ್ತಕ ಕೊಂಡವನ ಕೈಯಲ್ಲಿ ಮೂರೇ ತಿಂಗಳಿಗೆ ಅದರ ಪುಟಗಳು ಹಳಸಿದರೆ ಅವನು ಸಿಟ್ಟಾಗುವುದು ನ್ಯಾಯ.

ಈಗ ಗೇಮ್ಸ್ ವರ್ಕ್‌ಶಾಪ್ ವರ್ಷದಲ್ಲಿ ಹಲವು ಸಲ ಪಾಯಿಂಟ್ ಪರಿಷ್ಕರಿಸುತ್ತದೆ. ಟೂರ್ನಮೆಂಟ್ ಫಲಿತಾಂಶ ಕೂಡಿಸಿ, ಪ್ರತಿ ಪಡೆಯ ಗೆಲುವು ನೂರಕ್ಕೆ 45ರಿಂದ 55ರೊಳಗೆ ಇರಬೇಕೆಂಬ ಗುರಿಯನ್ನೂ ಬಹಿರಂಗವಾಗಿ ಹೇಳಿದೆ. ಏನೂ ಇಲ್ಲದಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು. ಆದರೆ ಗೆಲುವಿನ ಶೇಕಡಾವಾರು ಹೇಳದೆ ಬಿಡುವುದು ಬಹಳಷ್ಟಿದೆ. ಒಂದು ಪಡೆ ಸರಿಯಾಗಿ ಐವತ್ತರಲ್ಲಿ ನಿಂತಿದೆ ಎನ್ನೋಣ. ಅದರ ಮೂವತ್ತು ಬಗೆಯ ತುಕಡಿಗಳಲ್ಲಿ ಐದನ್ನೇ ಎಲ್ಲರೂ ಆಡಿಸುತ್ತಿರಬಹುದು, ಉಳಿದ ಇಪ್ಪತ್ತೈದು ಕಪಾಟಿನಲ್ಲಿ ಧೂಳು ತಿನ್ನುತ್ತಿರಬಹುದು. ಆ ಇಪ್ಪತ್ತೈದರಲ್ಲಿ ಒಂದನ್ನು ಪ್ರೀತಿಯಿಂದ ಬಣ್ಣ ಹಚ್ಚಿದವನಿಗೆ ಆ ಐವತ್ತರಿಂದ ಏನು ಸಮಾಧಾನ? ಮೇಲಾಗಿ, ಟೂರ್ನಮೆಂಟಿನ ಮೇಜಿನ ಮೇಲೆ ಕಟ್ಟಡಗಳು ಎಲ್ಲಿರಬೇಕೆಂಬುದಕ್ಕೂ ನಕ್ಷೆ ಇರುತ್ತದೆ. ಮನೆಯಲ್ಲಿ ಇದ್ದಷ್ಟು ಮರೆ ಇಟ್ಟು ಆಡುವಾಗ ದೂರದಿಂದ ಗುಂಡು ಹಾರಿಸುವ ಪಡೆ ಅದೇ ಪಾಯಿಂಟ್‌ಗೆ ಎರಡು ಪಟ್ಟು ಕ್ರೂರವಾಗುತ್ತದೆ. ಹೊಸಬರಿಗೆ ನಾನು ಹೇಳುವ ಮೊದಲ ಮಾತು, ಪುಸ್ತಕ ಬದಲಿಸುವ ಮುಂಚೆ ಮೇಜಿನ ಮೇಲೆ ಇನ್ನೆರಡು ಪಾಳುಗೋಡೆ ಇಡಿ ಎಂದು.

ಇನ್ನು ಅಂಟಿನ ವಿಷಯ. ಪ್ಲಾಸ್ಟಿಕ್ ಬೊಂಬೆಗೆ ಬಳಸುವ ಅಂಟು ಎರಡು ತುಂಡುಗಳ ಮೇಲ್ಮೈಯನ್ನು ಕರಗಿಸಿ ಒಂದಾಗಿಸುತ್ತದೆ, ಒಣಗಿದ ಮೇಲೆ ತೋಳನ್ನು ಬೇರ್ಪಡಿಸಲು ಬ್ಲೇಡೇ ಬೇಕು. ಹಿಂದೆ ತುಕಡಿಯ ಬೆಲೆ ಒಂದಾದರೆ ಆಯುಧಕ್ಕೆ ಬೇರೆ ಪಾಯಿಂಟ್ ಇತ್ತು. ಸಾದಾ ಬಂದೂಕು ಕೊಟ್ಟರೆ ಅಗ್ಗ, ಪ್ಲಾಸ್ಮಾ ಬಂದೂಕು ಕೊಟ್ಟರೆ ತುಟ್ಟಿ. ಎರಡಕ್ಕೂ ಅರ್ಥವಿತ್ತು. 2023ರ ಹತ್ತನೆಯ ಆವೃತ್ತಿ ಲೆಕ್ಕ ಸುಲಭವಾಗಲಿ ಎಂದು ಇಡೀ ತುಕಡಿಗೆ ಒಂದೇ ಬೆಲೆ ಇಟ್ಟಿತು, ಆಯುಧ ಯಾವುದಾದರೂ ಸರಿ. ಆಗ ಒಳ್ಳೆಯ ಆಯುಧ ಬಿಟ್ಟು ಸಾದಾದ್ದು ಹಿಡಿಯಲು ಕಾರಣವೇ ಉಳಿಯಲಿಲ್ಲ. ಪಾಯಿಂಟ್ ಉಳಿಸಲೆಂದು ಹತ್ತು ವರ್ಷದ ಹಿಂದೆ ಸಾದಾ ಬಂದೂಕು ಅಂಟಿಸಿದವನ ತುಕಡಿ ಈಗ ಸುಮ್ಮನೆ ನಷ್ಟದ ಬಾಬ್ತು. ಅನುಭವಿಗಳು ಭುಜದಲ್ಲಿ ಸಣ್ಣ ತೂತು ಕೊರೆದು, ಎರಡು ಮಿಲಿಮೀಟರಿನ ಆಯಸ್ಕಾಂತ ಕೂರಿಸಿ, ತೋಳುಗಳನ್ನು ಬೇಕಾದಾಗ ಬದಲಿಸುವಂತೆ ಮಾಡಿಕೊಳ್ಳುತ್ತಾರೆ. ಅವರ ಕೈಚಳಕ ಮೆಚ್ಚುವಂಥದ್ದು. ಆದರೆ ಮುಂದೆ ಬರಬಹುದಾದ ನಿಯಮಕ್ಕೆ ಹೆದರಿ ಬೊಂಬೆಯ ಭುಜ ಕೊರೆಯಬೇಕಾದ ಸ್ಥಿತಿಯನ್ನು ಮೆಚ್ಚಲು ನನ್ನಿಂದಾಗದು.

ಬೊಂಬೆ ಮಾರುವವರೇ ನಿಯಮ ಬರೆಯುವವರೂ ಆಗಿರುವಾಗ ಅನುಮಾನ ತಪ್ಪಿದ್ದಲ್ಲ. ಹೊಸದನ್ನು ಬಲಿಷ್ಠ ಮಾಡಿ ಮಾರುತ್ತಾರೆ, ಮಾರಾಟ ಮುಗಿದ ಮೇಲೆ ಕುಗ್ಗಿಸುತ್ತಾರೆ ಎಂಬ ದೂರು ಹಳೆಯದು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಮೊದಲ ದಿನದಿಂದಲೇ ಯಾರೂ ಆಡಿಸದ ಹೊಸ ಬೊಂಬೆಗಳೂ ಬೇಕಾದಷ್ಟು ಬಂದಿವೆ. 2022ರಲ್ಲಿ 'ಲೀಗ್ಸ್ ಆಫ್ ವೋಟಾನ್' ಎಂಬ ಕುಳ್ಳರ ಪಡೆಯ ನಿಯಮಗಳು ಹೊರಬಿದ್ದಾಗ ಅವು ವಿಪರೀತ ಬಲಿಷ್ಠ ಎಂದು ಗದ್ದಲವೆದ್ದಿತು. ಪುಸ್ತಕ ಬಿಡಿಯಾಗಿ ಅಂಗಡಿಗೆ ಬರುವ ಮೊದಲೇ ಕಂಪನಿ ಪಾಯಿಂಟ್ ಏರಿಸಿತು. ಮಾರಾಟವೊಂದೇ ಗುರಿಯಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅಷ್ಟಾದರೂ, ಅಚ್ಚಿಗೆ ಹೋಗುವ ಮುನ್ನ ಹೊರಗಿನ ಆಟಗಾರರು ಸಾಕಷ್ಟು ಆಡಿ ನೋಡಿದ್ದರೆ ಇದು ಸಿಕ್ಕಿಬೀಳಬೇಕಿತ್ತು. ದುರುದ್ದೇಶಕ್ಕಿಂತ ಅವಸರವೇ ಇಲ್ಲಿ ದೊಡ್ಡ ಶತ್ರು. 2017, 2020, 2023 ಎಂದು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದರೆ, ಎಲ್ಲ ಪಡೆಗಳಿಗೂ ಪುಸ್ತಕ ಸಿಕ್ಕಿ ಆಟ ಹದಕ್ಕೆ ಬರುವ ಹೊತ್ತಿಗೆ ಮುಂದಿನ ಆವೃತ್ತಿ ಬಾಗಿಲಲ್ಲಿ ನಿಂತಿರುತ್ತದೆ.

ಎಲ್ಲ ಪಡೆಗಳೂ ಸಮವಾಗಿರಲೇಬೇಕೆ ಎಂಬ ಪ್ರಶ್ನೆಗೆ ಅದೇ ಕಂಪನಿಯ 'ಬ್ಲಡ್ ಬೌಲ್' ಬೇರೆಯೇ ಉತ್ತರ ಕೊಡುತ್ತದೆ. 1986ರಲ್ಲಿ ಜರ್ವಿಸ್ ಜಾನ್ಸನ್ ರೂಪಿಸಿದ ಈ ಆಟದಲ್ಲಿ ರಾಕ್ಷಸರೂ ಕುಬ್ಜರೂ ಅಮೆರಿಕನ್ ಮಾದರಿಯ ಒರಟು ಫುಟ್‌ಬಾಲ್ ಆಡುತ್ತಾರೆ. ಕುಬ್ಜರಾದ ಹಾಫ್‌ಲಿಂಗ್‌ಗಳ ತಂಡ, ಗಾಬ್ಲಿನ್‌ಗಳ ತಂಡ ಬೇಕೆಂದೇ ದುರ್ಬಲ. ಇದನ್ನು ಮುಚ್ಚಿಟ್ಟಿಲ್ಲ. ಈಚಿನ ನಿಯಮಪುಸ್ತಕ ತಂಡಗಳನ್ನು ದರ್ಜೆಗಳಾಗಿ ವಿಂಗಡಿಸಿ ಯಾವುದು ಕಷ್ಟ ಎಂದು ಹೇಳಿಬಿಡುತ್ತದೆ. ಎರಡು ತಂಡಗಳ ಮೌಲ್ಯದಲ್ಲಿ ಅಂತರವಿದ್ದರೆ ಕಡಿಮೆಯ ತಂಡಕ್ಕೆ ಆ ಪಂದ್ಯದ ಮಟ್ಟಿಗೆ ಹೆಚ್ಚುವರಿ ಹಣ, ಅದರಿಂದ ಹೆಸರಾಂತ ಆಟಗಾರನನ್ನು ಬಾಡಿಗೆಗೆ ತರಬಹುದು. ಹಾಫ್‌ಲಿಂಗ್‌ಗಳನ್ನು ಆರಿಸಿಕೊಂಡವನಿಗೆ ತಾನು ಏನನ್ನು ಒಪ್ಪಿಕೊಂಡಿದ್ದೇನೆ ಎಂದು ಗೊತ್ತು, ಒಂದು ಟಚ್‌ಡೌನ್ ಗಳಿಸಿದರೆ ಅವನಿಗದು ಹಬ್ಬ. ಅಸಮಾನತೆಯನ್ನು ಮೊದಲೇ ಹೇಳಿ, ಅದಕ್ಕೆ ಪರಿಹಾರವನ್ನೂ ನಿಯಮದಲ್ಲೇ ಇಟ್ಟರೆ ಯಾರಿಗೂ ಮೋಸವಾಗುವುದಿಲ್ಲ. ಸಮ ಎಂದು ನಂಬಿಸಿ ಅಸಮವಾದದ್ದನ್ನು ಕೊಡುವುದೇ ಮೋಸ. ಕಂಪನಿ ಈ ಆಟವನ್ನು ಬದಿಗಿಟ್ಟಿದ್ದ ವರ್ಷಗಳಲ್ಲಿ ಆಟಗಾರರೇ ಲೀಗ್ ನಡೆಸಿ, ಕೊನೆಯ ನಿಯಮಪುಸ್ತಕವನ್ನು ಕಾಪಾಡಿಕೊಂಡು ಬಂದರು. 2016ರಲ್ಲಿ ಮರಳಿ ಬಂದ ಬ್ಲಡ್ ಬೌಲ್ ಬಹುಪಾಲು ಆ ಬುನಾದಿಯ ಮೇಲೇ ನಿಂತಿತು.

ಆಡುವ ಹಕ್ಕನ್ನು ಕಸಿಯಬಾರದು ಎಂಬ ಮಾತಿಗೆ ಹಳೆಯ ವಾರ್‌ಹ್ಯಾಮರ್‌ನ ಗತಿಯೇ ಸಾಕ್ಷಿ. ಅಲ್ಲಿ ಬೊಂಬೆಗಳು ಚೌಕದ ಪೀಠದ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. 2015ರ ಹೊಸ ಆಟ ದುಂಡು ಪೀಠ ತಂದಿತು. ಎಷ್ಟೋ ಜನ ತಮ್ಮ ಪಡೆಯನ್ನು ಚೌಕದಿಂದ ಕಿತ್ತು ದುಂಡಕ್ಕೆ ಅಂಟಿಸಿದರು, ಒಪ್ಪದವರು 'ನೈನ್ತ್ ಏಜ್' ಎಂಬ ತಮ್ಮದೇ ನಿಯಮಗಳನ್ನು ಬರೆದುಕೊಂಡು ಚೌಕದಲ್ಲೇ ಉಳಿದರು. 2024ರ ಜನವರಿಯಲ್ಲಿ ಕಂಪನಿ 'ದಿ ಓಲ್ಡ್ ವರ್ಲ್ಡ್' ಎಂದು ಆ ಹಳೆಯ ಆಟವನ್ನು ಮರಳಿ ತಂದಾಗ ಚೌಕದ ಪೀಠವೂ ಮರಳಿತು. ಆದರೆ ಮನುಷ್ಯ ಕಾಲಾಳುಗಳ ಪೀಠ ಹಿಂದಿನ 20 ಮಿಲಿಮೀಟರ್ ಹೋಗಿ 25 ಆಗಿತ್ತು. ಹೊಸ ಅಳತೆಗೆ ಕಾರಣಗಳಿರಬಹುದು, ಈಗಿನ ಬೊಂಬೆಗಳು ಕೈಕಾಲು ಚಾಚಿ ದೊಡ್ಡದಾಗಿವೆ. ಹಳೆಯ 20ರ ಪೀಠಗಳನ್ನು 25ರ ಅಂತರದಲ್ಲಿ ಹಿಡಿದು ನಿಲ್ಲಿಸುವ ತಟ್ಟೆಗಳನ್ನು ಆಟಗಾರರು ಮಾಡಿಕೊಂಡರು, ಎದುರಾಳಿಗಳು ತಕರಾರಿಲ್ಲದೆ ಒಪ್ಪಿಕೊಂಡು ಆಡುತ್ತಿದ್ದಾರೆ. ಇಂಥ ತಟ್ಟೆ ನಡೆಯುತ್ತದೆ ಎಂಬ ಒಂದು ಸಾಲನ್ನು ಎಲ್ಲ ಆಟಗಳ ನಿಯಮಪುಸ್ತಕಗಳೂ ಮೊದಲ ಪುಟಗಳಲ್ಲೇ ಬರೆಯಬೇಕೆಂಬುದು ನನ್ನ ಒತ್ತಾಯ. ಜೊತೆಗೆ, ಹೊಸ ಆವೃತ್ತಿ ಬಂದ ದಿನ ಹಳೆಯದರ ಕೊನೆಯ ಬೆಲೆಪಟ್ಟಿಯನ್ನು ತೆಗೆದುಹಾಕದೆ, ಬೇಕಾದವರಿಗೆ ಪುಕ್ಕಟೆ ಸಿಗುವಂತೆ ಬಿಟ್ಟಿರಬೇಕು.