ಸಂಗೀತನಾಟಕದ ವಿದ್ಯಾರ್ಥಿಯೂ ಶಾಲೆಯ ಬದಲಾವಣೆಯೂ

ತೈಲಶುದ್ಧೀಕರಣದ ಕಾರ್ಖಾನೆಯ ಕೆಲಸಕ್ಕೆಂದು ವಡೋದರಾಕ್ಕೂ, ಬಾಹ್ಯಾಕಾಶ ಸಂಶೋಧನೆಯ ಕೆಲಸಕ್ಕೆಂದು ಅಹಮದಾಬಾದಿಗೂ, ಹಜೀರಾದ ಉದ್ಯಮಗಳ ಕೆಲಸಕ್ಕೆಂದು ಸೂರತ್ತಿಗೂ ಬಂದು, ಇಲ್ಲಿಯೇ ಮನೆ ಮಾಡಿಕೊಂಡು ಮಕ್ಕಳನ್ನು ಬೆಳೆಸಿದ ಕನ್ನಡಿಗರ ಕುಟುಂಬಗಳಲ್ಲಿ, ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರ ನಡೆಯುವ ಮಾತುಕತೆ ಸಾಮಾನ್ಯವಾಗಿ ಇಂಜಿನಿಯರಿಂಗ್, ವೈದ್ಯಕೀಯ, ವಾಣಿಜ್ಯ ಎಂಬ ಮೂರನ್ನು ಬಿಟ್ಟು ಆಚೆಗೆ ಹೋಗುವುದಿಲ್ಲ. ಎಲ್ಲೋ ಒಂದು ಮನೆಯಲ್ಲಿ ಮಾತ್ರ, ರಾಜ್ಯೋತ್ಸವದ ನಾಟಕದಲ್ಲಿ ನಾಲ್ಕು ಹಾಡು ಹಾಡಿ ಚಪ್ಪಾಳೆ ಗಿಟ್ಟಿಸಿದ್ದ ಮಗಳು, "ಅಪ್ಪಾ, ನಾನು ಹಾಡು ನಾಟಕ ಎರಡನ್ನೂ ಓದುತ್ತೇನೆ" ಎಂದುಬಿಟ್ಟರೆ, ತಂದೆ ಮೊದಲು ಕೇಳುವುದು "ಅದಕ್ಕೆ ಒಳ್ಳೆಯ ಕಾಲೇಜು ಯಾವುದಮ್ಮ?" ಎಂದು. ಸೇರಿದ ಮೇಲೆ ಅದು ಒಗ್ಗದಿದ್ದರೆ ಮತ್ತೊಂದಕ್ಕೆ ಹೋಗುವ ದಾರಿಯುಂಟೆ ಎಂಬ ಎರಡನೆಯ ಪ್ರಶ್ನೆಯನ್ನು ಅವನೂ ಕೇಳುವುದಿಲ್ಲ, ಕೇಳಿದರೂ ಉತ್ತರ ಹೇಳುವವರು ಸಿಕ್ಕುವುದಿಲ್ಲ. ಇವೆರಡರಲ್ಲಿ ಎರಡನೆಯದೇ ಹೆಚ್ಚು ತೂಕದ ಪ್ರಶ್ನೆಯೆಂದೂ, ಅದಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಕೊಡುತ್ತಿರುವ ಉತ್ತರ ಕಲೆಯ ಸ್ವಭಾವಕ್ಕೆ ಹೊಂದತಕ್ಕದ್ದಲ್ಲವೆಂದೂ ನನ್ನ ಅಭಿಪ್ರಾಯ.

ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಸಂಗೀತನಾಟಕವೆಂಬುದು ಕಂಠ, ಶರೀರ, ವಾಕ್ಕು ಈ ಮೂರೂ ಏಕಕಾಲದಲ್ಲಿ ಒಬ್ಬನೇ ವ್ಯಕ್ತಿಯಲ್ಲಿ ಸಿದ್ಧವಾಗಬೇಕಾದ ವಿದ್ಯೆ; ಅವನ್ನು ಕಲಿಸುವ ಶಾಲೆಗಳಾದರೋ ಮೂರನ್ನೂ ಮೂರು ಕೋಣೆಗಳಲ್ಲಿ ಇರಿಸಿವೆ. ಚಕ್ಕಳಮಕ್ಕಳ ಹಾಕಿ ಕುಳಿತು, ತಂಬೂರಿಯ ಷಡ್ಜಕ್ಕೆ ಕಿವಿಗೊಟ್ಟು, ನಿಧಾನವಾಗಿ ಆಲಾಪವನ್ನು ಬೆಳೆಸಬಲ್ಲ ಹುಡುಗಿಯೊಬ್ಬಳಿಗೆ, ಅದೇ ಸ್ವರಪಂಕ್ತಿಯನ್ನು ರಂಗದ ಹಿಂಬದಿಯಿಂದ ಎಂಟು ಹೆಜ್ಜೆ ಮುಂದೆ ನಡೆದು, ಎರಡು ಮೆಟ್ಟಿಲಿಳಿದು, ಎದುರುಪಾತ್ರದ ಕೈಯಿಂದ ಪತ್ರವೊಂದನ್ನು ಕಿತ್ತುಕೊಂಡು, ಮುಖವನ್ನು ಪ್ರೇಕ್ಷಕರತ್ತ ತಿರುಗಿಸುತ್ತ ಹಾಡೆಂದು ಹೇಳಿ ನೋಡಿ: ನಾಲ್ಕನೆಯ ಹೆಜ್ಜೆಗೆ ಉಸಿರು ತುಂಡಾಗುತ್ತದೆ, ಮೆಟ್ಟಿಲ ಬಳಿ ತಾಳ ಜಾರುತ್ತದೆ, ಪತ್ರ ಕೈಗೆ ಬರುವ ಹೊತ್ತಿಗೆ ಹಾಡಿನ ಮುಂದಿನ ಸಾಲೇ ಮರೆತಿರುತ್ತದೆ. ಗುಜರಾತಿನ ಭವಾಯಿಯ ಆಟಗಾರನಿಗೆ ಈ ತೊಂದರೆಯಿರಲಿಲ್ಲ. 14ನೆಯ ಶತಮಾನದ ಅಸಾಯಿತ ಠಾಕರನ ಕಾಲದಿಂದ ಬಂದ ಆ ಪರಂಪರೆಯಲ್ಲಿ, ಭೂಂಗಳ್ ಎಂಬ ಉದ್ದನೆಯ ತಾಮ್ರದ ಕಹಳೆಯ ಅಬ್ಬರದ ನಡುವೆ, ಬಯಲಿನಲ್ಲಿ, ಹಾಡುತ್ತ ಕುಣಿಯುತ್ತ ಹಾಸ್ಯವಾಡುತ್ತ ಬೆಳೆದವನಿಗೆ ಉಸಿರಿನ ಲೆಕ್ಕ ತಾನಾಗಿಯೇ ಮೈಗೂಡುತ್ತಿತ್ತು. ನಮ್ಮ ಯಕ್ಷಗಾನದಲ್ಲಿ ಹಾಡಿನ ಹೊಣೆಯನ್ನು ಭಾಗವತರು ಹೊತ್ತು ವೇಷಧಾರಿಗೆ ಕುಣಿತವನ್ನೂ ಮಾತನ್ನೂ ಬಿಟ್ಟುಕೊಟ್ಟಿದ್ದಾರೆಂಬುದನ್ನು ನೆನೆದರೆ, ಹಾಡು ನಟನದ್ದೇ ಆದಾಗ ಅದರ ಭಾರ ಎಷ್ಟೆಂಬುದು ಕನ್ನಡಿಗರಿಗೆ ಬೇಗನೆ ಅರ್ಥವಾಗುವುದು.

ಈ ಮೂರು ನಗರಗಳಲ್ಲಿ ಪದವಿಯ ಆಸೆಯಿಂದ ಹೊರಟ ವಿದ್ಯಾರ್ಥಿಯ ಕಣ್ಣು ಮೊದಲು ಹರಿಯುವುದು ವಡೋದರಾದ ಕಡೆಗೆ. ಅದು ನ್ಯಾಯವೂ ಹೌದು. ಸೂರ್‌ಸಾಗರ್ ಕೆರೆಯೆದುರಿನ ಪ್ರದರ್ಶಕ ಕಲೆಗಳ ವಿಭಾಗ ಇಂದು 1949ರಲ್ಲಿ ಸ್ಥಾಪಿತವಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಅಂಗವಾಗಿದ್ದರೂ ಅದರ ಬೇರು 1886ರಷ್ಟು ಹಿಂದಿನದು. ಆ ವರ್ಷ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಉಸ್ತಾದ್ ಮೌಲಾಬಕ್ಷರು ಸಂಗೀತಶಾಲೆಯನ್ನು ತೆರೆದರು. ಈ ಮೌಲಾಬಕ್ಷರ ವಿಷಯದಲ್ಲಿ ಕನ್ನಡಿಗರಾದ ನಾವು ಎರಡು ಮಾತು ಹೆಚ್ಚಾಗಿ ಆಡಿದರೆ ತಪ್ಪಿಲ್ಲ. ಉತ್ತರದಲ್ಲಿ ಹುಟ್ಟಿ ಹಿಂದುಸ್ತಾನಿ ಸಂಗೀತದಲ್ಲಿ ನುರಿತಿದ್ದ ಅವರು ಮೈಸೂರಿನ ಆಸ್ಥಾನಕ್ಕೆ ಬಂದು, ಅಲ್ಲಿಯ ಕರ್ನಾಟಕ ಸಂಗೀತವನ್ನು ಕೇಳಿ ತಲೆದೂಗಿ ಸುಮ್ಮನಾಗದೆ, ಅದನ್ನು ಶ್ರಮಪಟ್ಟು ಕಲಿತು, ಮನ್ನಣೆ ಪಡೆದು, ಆ ಎರಡೂ ಪದ್ಧತಿಗಳ ತಿಳಿವಳಿಕೆಯನ್ನು ಹೊತ್ತು ಬರೋಡೆಗೆ ಹೋದವರು. ಸ್ವರಲಿಪಿಯೊಂದನ್ನು ರೂಪಿಸಿ, ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸಿ, ಘರಾನೆಯ ಮನೆಯೊಳಗಿದ್ದ ವಿದ್ಯೆಯನ್ನು ಸಾರ್ವಜನಿಕ ಶಾಲೆಯ ಜಗಲಿಗೆ ತಂದವರೂ ಅವರೇ. ಅದೇ ಬರೋಡೆಯಲ್ಲಿ 1916ರಲ್ಲಿ ಭಾತಖಂಡೆಯವರು ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನವನ್ನು ನಡೆಸಿದರು. ಅದೇ ಆಸ್ಥಾನದಲ್ಲಿದ್ದ ಫಯಾಜ್ ಖಾನರಿಗೆ ಆಫ್ತಾಬ್-ಎ-ಮೌಸಿಕಿ ಎಂಬ ಬಿರುದನ್ನು ಕೊಟ್ಟದ್ದು ಮೈಸೂರಿನ ಆಸ್ಥಾನ. ಸಯಾಜಿರಾವ್ ಮಹಾರಾಜರ ಮೊದಲ ರಾಣಿ ತಂಜಾವೂರಿನಿಂದ ಬಂದಾಗ ಜೊತೆಯಲ್ಲಿ ಬಂದ ನರ್ತಕಿಯರ ಮನೆತನದಿಂದಲೇ ಬರೋಡೆಯ ನೃತ್ಯಶಿಕ್ಷಣಕ್ಕೆ ಕುಬೇರನಾಥ ತಂಜೋರಕರ್ ಅವರಂಥ ಗುರು ದೊರೆತರು. ನಾಟಕದ ಪಾಠಕ್ಕಾದರೋ 1901ರಲ್ಲಿ ಸೂರತ್ತಿನಲ್ಲಿ ಹುಟ್ಟಿ, ರೈಲ್ವೆ ಕೆಲಸಗಾರರ ಬಾಳನ್ನು 'ಆಗಗಾಡಿ' ಎಂಬ ನಾಟಕದಲ್ಲಿ ರಂಗಕ್ಕೆ ತಂದ ಚಂದ್ರವದನ ಮೆಹತಾ ಅವರ ಸಂಪರ್ಕವಿತ್ತು. ಹೀಗೆ ಗಾಯನ, ವಾದ್ಯ, ನೃತ್ಯ, ನಾಟಕ ನಾಲ್ಕೂ ಒಂದೇ ಆವರಣದಲ್ಲಿರುವುದು ಇಡೀ ದೇಶದಲ್ಲಿಯೇ ಅಪರೂಪ. ಆದರೆ ಒಂದೇ ಆವರಣದಲ್ಲಿರುವುದು ಬೇರೆ, ಒಂದೇ ಪಾಠದಲ್ಲಿರುವುದು ಬೇರೆ. ನಾಟಕದ ಪದವಿಗೆ ಸೇರಿದವನು ಪಕ್ಕದ ಕೋಣೆಯ ಗಾಯನವನ್ನು ಎಷ್ಟು ಕಲಿಯುತ್ತಾನೆಂಬುದು ವೇಳಾಪಟ್ಟಿಗಿಂತ ಹೆಚ್ಚಾಗಿ ಅವನ ಹಠವನ್ನೂ ಆ ಕೋಣೆಯ ಅಧ್ಯಾಪಕರ ಔದಾರ್ಯವನ್ನೂ ಅವಲಂಬಿಸಿದ ಸಂಗತಿ.

ಅಹಮದಾಬಾದಿನ ಬಗೆ ಇನ್ನೊಂದು. ಅಲ್ಲಿ ಕಲೆ ಬೆಳೆದದ್ದು ರಾಜಾಶ್ರಯದಲ್ಲಲ್ಲ. ಗಿರಣಿಯೊಡೆಯರ ಮನೆತನಗಳ ಮತ್ತು ವಿದ್ಯಾಸಭೆಗಳ ಒತ್ತಾಸೆಯಲ್ಲಿ. 1949ರಲ್ಲಿ ಮೃಣಾಲಿನಿ ಸಾರಾಭಾಯಿಯವರೂ ವಿಕ್ರಮ್ ಸಾರಾಭಾಯಿಯವರೂ ಕೂಡಿ ಸ್ಥಾಪಿಸಿದ ದರ್ಪಣ, ಬೆಂಗಳೂರಿನ ರಾಮಗೋಪಾಲರ ತಂಡದೊಡನೆ ದೇಶದೇಶಗಳನ್ನು ಸುತ್ತಿಬಂದ ಕುಮುದಿನಿ ಲಾಖಿಯಾ ಅವರ ಕದಂಬ, ಇವು ವಿಶ್ವವಿದ್ಯಾಲಯದ ವಿಭಾಗಗಳಲ್ಲ. ಗುರುವಿನ ಕಣ್ಣೆದುರಿಗೆ ವರ್ಷಗಟ್ಟಲೆ ಬೆವರು ಸುರಿಸುವ ಜಾಗಗಳು. ಗುಜರಾತ್ ವಿದ್ಯಾಸಭೆಯ ಆಶ್ರಯದಲ್ಲಿ ಬೆಳೆದ ನಟಮಂಡಲ 1953ರಲ್ಲಿ ರಸಿಕಲಾಲ್ ಪರೀಖರ 'ಮೇನಾ ಗುರ್ಜರಿ'ಯನ್ನು ಭವಾಯಿಯ ಧಾಟಿಯಲ್ಲಿ ಆಡಿದಾಗ, ಅದರ ನಿರ್ದೇಶನದ ಹಿಂದೆ ಇದ್ದವರು ಜಯಶಂಕರ 'ಸುಂದರಿ'. ಮೇನಾಳಾಗಿ ಹಾಡಿ ನಟಿಸಿದವರು ಮುಂದೆ ದೀನಾ ಪಾಠಕ್ ಎಂದು ಚಲನಚಿತ್ರಗಳಲ್ಲಿ ಪ್ರಸಿದ್ಧರಾದ ದೀನಾ ಗಾಂಧಿ. ಜಯಶಂಕರರು ಹುಡುಗರಾಗಿದ್ದಾಗ ಕಲ್ಕತ್ತೆಯ ಪಾರ್ಸಿ ಕಂಪನಿಯಲ್ಲಿ ತಾಲೀಮು ಪಡೆದು, ಅಲ್ಲಿಂದ ಮುಂಬಯಿಯ ಗುಜರಾತಿ ಕಂಪನಿಗೆ ಬಂದು, 1901ರಲ್ಲಿ 'ಸೌಭಾಗ್ಯ ಸುಂದರಿ'ಯ ಸ್ತ್ರೀಪಾತ್ರದಿಂದ ಆ ಹೆಸರನ್ನು ಗಳಿಸಿದವರು. ಕಂಪನಿಯ ವಿದ್ಯೆಯನ್ನೆಲ್ಲ ಅರಗಿಸಿಕೊಂಡ ಮೇಲೆ ಅಹಮದಾಬಾದಿನಲ್ಲಿ ಹೊಸ ಕಾಲದ ಹುಡುಗರಿಗೆ ಗುರುವಾದವರು.

ಸೂರತ್ತಿನ ವಿಚಾರದಲ್ಲಿ ಬಹಳ ಹೇಳುವುದಕ್ಕಿಲ್ಲ. ನಾಟಕದ ಹುಚ್ಚು ಅಲ್ಲಿ ಧಾರಾಳವಾಗಿದೆ, ನಗರಪಾಲಿಕೆಯೇ ನಾಟಕಸ್ಪರ್ಧೆ ನಡೆಸುತ್ತದೆ, ಹವ್ಯಾಸಿ ತಂಡಗಳು ಜವಳಿ ಮಾರುಕಟ್ಟೆ ಮುಚ್ಚಿದ ಮೇಲೆ ತಾಲೀಮಿಗೆ ಕೂಡುತ್ತವೆ. ಆದರೆ ಹಾಡನ್ನೂ ನಟನೆಯನ್ನೂ ಪದವಿಯ ಮಟ್ಟದಲ್ಲಿ ಓದಬೇಕೆಂದ ಸೂರತ್ತಿನ ಹುಡುಗ ಬಹುಮಟ್ಟಿಗೆ ವಡೋದರಾದ ರೈಲನ್ನೇ ಹತ್ತುತ್ತಾನೆ.

ಆ ರೈಲು ನರ್ಮದೆಯನ್ನು ದಾಟುವಲ್ಲಿ ಸಿಕ್ಕುವ ಊರು ಭರೂಚ್. ಪಂಡಿತ ಓಂಕಾರನಾಥ ಠಾಕೂರರ ಬಾಲ್ಯ ಕಳೆದದ್ದು ಅಲ್ಲಿ. ಖಂಭಾತದ ಸೀಮೆಯಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾಗಿ, ಗುರುಗಳ ಅಪ್ಪಣೆಯಂತೆ ಲಾಹೋರಿನ ಗಾಂಧರ್ವ ಮಹಾವಿದ್ಯಾಲಯವನ್ನು ನಡೆಸಿ, ಕೊನೆಗೆ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯಕ್ಕೆ ಮುಖ್ಯಸ್ಥರಾದರು. ಅಲ್ಲಿ ಅವರ ಮುಂದೆ ಬಂದು ಕುಳಿತ ಶಿಷ್ಯರಲ್ಲಿ ಬಂಟ್ವಾಳ ಸೀಮೆಯ ಬಾಬುಕೋಡಿಯ ವೆಂಕಟರಮಣ ಕಾರಂತರೂ ಒಬ್ಬರು. ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿ, ವೀರಣ್ಣನವರ ನೆರವಿನಿಂದಲೇ ಕಾಶಿಗೆ ಹೋಗಿ ಹಿಂದಿಯ ಎಂ.ಎ. ಪದವಿಯನ್ನೂ ಓಂಕಾರನಾಥರಿಂದ ಸಂಗೀತವನ್ನೂ ಪಡೆದು, ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 1962ರಲ್ಲಿ ಶಿಕ್ಷಣ ಮುಗಿಸಿದ ಕಾರಂತರ ರಂಗಸಂಗೀತದಲ್ಲಿ ಈ ಮೂರು ಶಾಲೆಗಳಲ್ಲಿ ಯಾವುದನ್ನು ತೆಗೆದುಹಾಕಿದರೂ ಉಳಿಯತಕ್ಕದ್ದು ಮತ್ತೊಬ್ಬರಾರದ್ದೋ ಸಂಗೀತವಾಗುತ್ತಿತ್ತು. ಕಂಪನಿ ಕಲಿಸಿದ್ದನ್ನು ಕಾಶಿ ಕಲಿಸಲಾರದು, ಕಾಶಿ ಕಲಿಸಿದ್ದನ್ನು ದೆಹಲಿ ಕಲಿಸಲಾರದು. ಹೊಸ ಶಾಲೆಯ ಬಾಗಿಲಲ್ಲಿ ಅವರಿಗೆ ಎದುರಾದ ಪ್ರಶ್ನೆ, ನಿನಗೆ ಏನು ಬರುತ್ತದೆ ಎಂಬುದೇ ಹೊರತು, ಗುಬ್ಬಿ ಕಂಪನಿಯ ಎಷ್ಟು ಗಂಟೆಗಳ ತಾಲೀಮಿಗೆ ನಿನ್ನ ಬಳಿ ದಾಖಲೆಯುಂಟು ಎಂಬುದಾಗಿರಲಾರದು.

ಇಂದಿನ ಏರ್ಪಾಡು ಈ ದಾಖಲೆಯನ್ನೇ ಕೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯನ್ನು ತಂದಿತು. ಒಂದು ಕಡೆ ಗಳಿಸಿದ ಕ್ರೆಡಿಟ್ಟುಗಳನ್ನು ಅಲ್ಲಿ ಜಮಾ ಇಟ್ಟು ಏಳು ವರ್ಷಗಳೊಳಗೆ ಇನ್ನೊಂದು ಕಡೆ ಬಳಸಿಕೊಳ್ಳಬಹುದು, ಪದವಿ ಕೊಡುವ ಸಂಸ್ಥೆಯಲ್ಲಿ ಅರ್ಧಭಾಗವನ್ನಾದರೂ ಗಳಿಸಿರಬೇಕು. ಉದ್ದೇಶ ಒಳ್ಳೆಯದೇ, ಅರ್ಥಶಾಸ್ತ್ರಕ್ಕೂ ಇತಿಹಾಸಕ್ಕೂ ಇದು ಸಾಕಾಗಬಹುದು. ಆದರೆ ಮೂವತ್ತು ಗಂಟೆಗಳ ಪ್ರಾಯೋಗಿಕ ಪಾಠಕ್ಕೆ ಒಂದು ಕ್ರೆಡಿಟ್ಟು ಎಂಬ ಲೆಕ್ಕ, ಆ ಮೂವತ್ತು ಗಂಟೆಗಳಲ್ಲಿ ಝಪತಾಳ ಮೈಯೊಳಗಿಳಿಯಿತೋ ನೋಟುಪುಸ್ತಕದಲ್ಲಿಯೇ ಉಳಿಯಿತೋ ಎಂಬುದನ್ನು ಹೇಳಲಾರದು. ಪರಿಚಿತರೊಬ್ಬರ ಮಗಳು ಒಂದೂರಿನ ಕಾಲೇಜಿನಲ್ಲಿ ಎರಡು ವರ್ಷ ಗಾಯನ ಓದಿ, ತನ್ನ ಒಲವು ರಂಗದ ಕಡೆಗೆಂದು ಕಂಡುಕೊಂಡು, ಇನ್ನೊಂದೂರಿನ ನಾಟಕವಿಭಾಗಕ್ಕೆ ಅರ್ಜಿ ಹಾಕಿದಳು. ಗುಮಾಸ್ತರು ಎರಡೂ ಪಠ್ಯಕ್ರಮಗಳನ್ನು ಮೇಜಿನ ಮೇಲೆ ಹರಡಿ, ಪತ್ರಿಕೆಗಳ ಶೀರ್ಷಿಕೆಗಳನ್ನು ಬೆರಳಿಟ್ಟು ಹೋಲಿಸಿ, ಅಲ್ಲಿಯ 'ರಾಗಪರಿಚಯ' ಇಲ್ಲಿಯ 'ರಂಗಸಂಗೀತ'ಕ್ಕೆ ಸಮವಲ್ಲವೆಂದು ತೀರ್ಮಾನಿಸಿ, ಮೊದಲನೆಯ ವರ್ಷಕ್ಕೆ ಸೇರುವುದಾದರೆ ಸೇರಬಹುದೆಂದರು. ಇಷ್ಟೆಲ್ಲ ನಡೆದಾಗ ಆಕೆ ಹಾಡುವುದನ್ನು ಅಲ್ಲಿ ಯಾರೂ ಕೇಳಲಿಲ್ಲ. ಅಮೆರಿಕದ ಕಾಲೇಜುಗಳಲ್ಲಿಯೂ ಸಂಗೀತನಾಟಕದ ಪದವಿಗೆ ಬೇರೆಡೆಯಿಂದ ಬರುವವರು ಅನೇಕ ವೇಳೆ ಕಲಿಕೆಯ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕಾಗುತ್ತದಂತೆ. ಆದರೆ ಅಲ್ಲಿ ಅದಕ್ಕೆ ಮುನ್ನ ಹಾಡಿಸಿ, ಕುಣಿಸಿ, ಸಂಭಾಷಣೆ ಹೇಳಿಸಿ ನೋಡುವ ಕ್ರಮವಾದರೂ ಉಂಟು.

ಆದುದರಿಂದ ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಬೇರೆಡೆಯಿಂದ ಬಂದ ವಿದ್ಯಾರ್ಥಿಯನ್ನು ಒಂದು ಗಂಟೆಯ ಕಾಲ ರಂಗದ ಮೇಲೆ ನಿಲ್ಲಿಸಿರಿ. ತಾನು ಸಿದ್ಧಪಡಿಸಿದ್ದನ್ನು ಹಾಡಲಿ, ನೀವು ಕೊಟ್ಟ ಹೊಸ ಹಾಡೊಂದನ್ನು ಹತ್ತು ನಿಮಿಷದಲ್ಲಿ ಕಲಿತು ನಡೆಯುತ್ತ ಹಾಡಿ ತೋರಿಸಲಿ. ಆ ಮೇಲೆ ಅವನು ಯಾವ ವರ್ಷದ ತರಗತಿಗೆ ಯೋಗ್ಯನೆಂಬುದನ್ನು ಅಧ್ಯಾಪಕರು ನಿರ್ಣಯಿಸಲಿ, ಕ್ರೆಡಿಟ್ಟಿನ ಲೆಕ್ಕವನ್ನು ಕಚೇರಿ ಆ ನಿರ್ಣಯಕ್ಕೆ ಹೊಂದಿಸಿಕೊಳ್ಳಲಿ. ಇದರಲ್ಲಿ ಪಕ್ಷಪಾತಕ್ಕೆ ಎಡೆಯಿದೆಯೆಂಬ ಆಕ್ಷೇಪಣೆ ಬರುವುದು ಸಹಜ. ನಮ್ಮಲ್ಲಿ ಶಿಷ್ಯವಾತ್ಸಲ್ಯ ಎಲ್ಲಿ ಮುಗಿದು ಪಕ್ಷಪಾತ ಎಲ್ಲಿ ಮೊದಲಾಗುತ್ತದೆಂಬುದು ಬಲ್ಲವರಿಗೂ ಕಷ್ಟದ ಪ್ರಶ್ನೆ. ಪರೀಕ್ಷಕರಲ್ಲಿ ಒಬ್ಬರನ್ನು ಬೇರೆ ನಗರದಿಂದ ಕರೆಸಿದರೆ, ನಡೆದದ್ದನ್ನೆಲ್ಲ ಧ್ವನಿಮುದ್ರಿಸಿಟ್ಟರೆ, ಆ ಭಯ ಬಹುಪಾಲು ಕಳೆಯುತ್ತದೆ. ದರ್ಪಣದಂಥ ಸಂಸ್ಥೆಯಲ್ಲಿ ಐದಾರು ವರ್ಷ ಪಳಗಿದವನಿಗೆ ವಿಶ್ವವಿದ್ಯಾಲಯದಲ್ಲಿ ಅದರ ಫಲ ಸಿಕ್ಕತಕ್ಕ ದಾರಿಯೂ ಇದೊಂದೇ.

ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಬೇಕು. ಶಾಲೆ ಬದಲಾಯಿಸಬೇಕೆಂಬ ಬಯಕೆ ಇಲ್ಲಿ ಸಾಮಾನ್ಯವಾಗಿ ಉಕ್ಕುವುದು ನವರಾತ್ರಿಯ ಮರುವಾರದಲ್ಲಿ. ಒಂಬತ್ತು ರಾತ್ರಿ ಗರಬಾದ ವೇದಿಕೆಗಳಲ್ಲಿ ಕೂಗಿ ಹಾಡಿ ನಾಲ್ಕು ಕಾಸು ಸಂಪಾದಿಸಿ, ಒಡೆದ ಗಂಟಲಿನಿಂದ ತರಗತಿಗೆ ಬಂದು ಮಂದ್ರದ ಷಡ್ಜವನ್ನೂ ನಿಲ್ಲಿಸಲಾರದೆ ಗುರುಗಳಿಂದ ಬೈಸಿಕೊಂಡವನಿಗೆ, ತಪ್ಪೆಲ್ಲ ಆ ಶಾಲೆಯದೆಂದು ತೋರುವುದು ಆಶ್ಚರ್ಯವಲ್ಲ. ಮೊದಲ ವರ್ಷದಲ್ಲಿ ಹೊರಡತಕ್ಕದ್ದಲ್ಲ. ಈ ಶಾಲೆ ತನಗೆ ಏನು ಕಲಿಸಬಲ್ಲದು, ಏನನ್ನು ಕಲಿಸಲಾರದು ಎಂಬುದನ್ನು ಎರಡು ವಾಕ್ಯಗಳಲ್ಲಿ ಸ್ಪಷ್ಟವಾಗಿ ಹೇಳಲು ಬಂದ ದಿನ ಅರ್ಜಿ ಬರೆಯಬಹುದು. ಆಯ್ಕೆಗೆ ಮುನ್ನ ಶಾಲೆಯನ್ನು ನೋಡಲು ಹೋಗುವ ತಂದೆತಾಯಿಗಳೂ ಸಭಾಂಗಣವನ್ನೂ ಗೋಡೆಯ ಮೇಲಿನ ಪ್ರಶಸ್ತಿಗಳನ್ನೂ ನೋಡಿ ಮರಳುವ ಬದಲು, ಬೆಳಗಿನ ತಾಲೀಮಿನ ಹೊತ್ತಿಗೆ ಹೋಗಿ ಬಾಗಿಲ ಬಳಿ ಅರ್ಧ ಗಂಟೆ ನಿಂತು, ಹಾಡುವವರು ಕುಣಿಯುತ್ತಿರುವರೋ, ಕುಣಿಯುವವರಿಂದ ಯಾರಾದರೂ ಹಾಡಿಸುತ್ತಿರುವರೋ ನೋಡುವುದು ಮೇಲು.

ಕನ್ನಡಿಗರ ಮಕ್ಕಳಿಗೆ ಇನ್ನೊಂದು ಆಕರ್ಷಣೆಯುಂಟು. ಗುಜರಾತಿಯಲ್ಲಿ ಸಂಭಾಷಣೆ ಹೇಳಿ ಹೇಳಿ ಸಾಕಾದವರಿಗೆ, ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಿಂದ ಹೆಗ್ಗೋಡಿನಲ್ಲಿ ನಡೆಸುತ್ತಿರುವ ರಂಗಶಿಕ್ಷಣ ಕೇಂದ್ರವೋ, ಸಾಣೇಹಳ್ಳಿಯ ರಂಗಶಾಲೆಯೋ, 1989ರಲ್ಲಿ ಕಾರಂತರು ಕಟ್ಟಿದ ಮೈಸೂರಿನ ರಂಗಾಯಣವೋ ಕೈಬೀಸಿ ಕರೆಯುತ್ತದೆ. ಪದವಿಯನ್ನು ಅರ್ಧಕ್ಕೆ ಬಿಟ್ಟು ಅಲ್ಲಿಗೆ ಹೋಗಲೇ ಎಂದು ಕೇಳುವವರಿದ್ದಾರೆ. ನನ್ನ ಸಲಹೆ, ವಡೋದರಾದ ಪದವಿಯನ್ನು ಪೂರೈಸಿಕೊಂಡು ಹೋಗಿ ಎಂಬುದು. ಹೆಗ್ಗೋಡಿನ ಶಿಕ್ಷಣ ಅಲ್ಲಿಯೇ ವಾಸವಿದ್ದು ಕಲಿಯುವ ಒಂದು ವರ್ಷದ ಅವಧಿಯದು, ಪದವಿಯಾದ ಮೇಲೂ ಹೋಗಬಹುದಾದದ್ದು. ಅರ್ಧಕ್ಕೆ ಬಿಟ್ಟ ಪದವಿಯನ್ನು ಹಿಂದಿರುಗಿ ಬಂದು ಎತ್ತಿಕೊಳ್ಳಹೊರಟರೆ ಮತ್ತೆ ಆ ಮೇಜಿನ ಮುಂದೆಯೇ ನಿಲ್ಲಬೇಕಾಗುತ್ತದೆ, ಹೆಗ್ಗೋಡಿನ ವರ್ಷಕ್ಕೆ ಸಮನಾದ ಶೀರ್ಷಿಕೆಯಂತೂ ಗುಮಾಸ್ತರ ಪಟ್ಟಿಯಲ್ಲಿ ಇರುವುದಿಲ್ಲ.