ಇಸವಿಯ ಜಾತಕ

ಹಳೆಯ ಕಾರನ್ನು ಕೊಳ್ಳಹೊರಟವರು ಕೇಳುವ ಮೊದಲನೆಯ ಪ್ರಶ್ನೆ, "ಯಾವ ಇಸವಿಯದು?" ಎಂಬುದು. ಬೆಲೆ ಆಮೇಲೆ, ಬಣ್ಣ ಆಮೇಲೆ, ಓಡಿರುವ ಕಿಲೋಮೀಟರು ಅದಕ್ಕೂ ಆಮೇಲೆ. ಸಣ್ಣ ಕಾರುಗಳ ಮಟ್ಟಿಗೆ ಈ ಪ್ರಶ್ನೆ ಅಷ್ಟೇನೂ ಅಪಾಯದ್ದಲ್ಲ. ಇಸವಿ ಹಿಂದಾದಷ್ಟೂ ಬೆಲೆ ಇಳಿಯುತ್ತದೆ. ಕೆಟ್ಟರೆ ಬೀದಿಯ ಮೂಲೆಯ ಮೆಕ್ಯಾನಿಕ್ಕು ಸರಿಮಾಡಿ ಕೊಡುತ್ತಾನೆ. ಆದರೆ ಬೆಂಜ್, ಬಿ.ಎಂ.ಡಬ್ಲ್ಯು. ಮುಂತಾದ ಐಷಾರಾಮಿ ಕಾರುಗಳ ವಿಷಯದಲ್ಲಿ ಇದೊಂದು ಶಾಸ್ತ್ರವಾಗಿಯೇ ಬೆಳೆದುನಿಂತಿದೆ. ಇಂಥ ಇಸವಿಯದು ಒಳ್ಳೆಯದು, ಇಂಥದನ್ನು ಮುಟ್ಟಬಾರದು ಎಂಬ ಪಟ್ಟಿಗಳು ಕೈಯಿಂದ ಕೈಗೆ ಓಡಾಡುತ್ತಿವೆ. ಹುಟ್ಟಿದ ಸಂವತ್ಸರವನ್ನು ನೋಡಿ ಮನುಷ್ಯನ ಗುಣ ಹೇಳುವವರನ್ನು ಕಂಡು ನಗುವ ಯುವಕರೇ ಈ ಪಟ್ಟಿಗಳನ್ನು ಭಕ್ತಿಯಿಂದ ಪಾರಾಯಣ ಮಾಡುವುದನ್ನು ಕಂಡು ನನಗೆ ಸೋಜಿಗವಾಗಿದೆ.

ಇದು ಹಣವಂತರ ಚಿಂತೆ, ಓದು ಬರಹದವರಿಗೇಕೆ ಎಂದು ವಾಚಕರು ಕೇಳಬಹುದು. ಈಗ ಹಾಗಿಲ್ಲ. ಹತ್ತು ಹನ್ನೆರಡು ವರ್ಷ ಹಳೆಯದಾದ ಜರ್ಮನ್ ಕಾರೊಂದು ಹೊಸ ಸಣ್ಣ ಕಾರಿನ ಬೆಲೆಗೆ ದೊರೆಯುತ್ತದೆ. ಆದ್ದರಿಂದ ಕಾಲೇಜಿನ ಅಧ್ಯಾಪಕರೂ ಈಗತಾನೆ ಕೆಲಸಕ್ಕೆ ಸೇರಿದ ಇಂಜಿನಿಯರರೂ ಅದರ ಸುತ್ತ ಸುಳಿದಾಡುತ್ತಾರೆ. ಅವರು ಮರೆಯುವ ಸಂಗತಿ ಒಂದೇ: ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಅರ್ಧ ಕೋಟಿಯ ಕಾರಿಗೆ ಹಾಕಿದ ಗೇರ್ ಬಾಕ್ಸು, ಆ ಕಾರು ಐದು ಲಕ್ಷಕ್ಕೆ ಇಳಿದ ದಿನವೂ ಅರ್ಧ ಕೋಟಿಯ ಕಾರಿನ ಗೇರ್ ಬಾಕ್ಸೇ. ಒಂದು ತಪ್ಪು ಆಯ್ಕೆಯಿಂದ ಒಂದು ಸಂಸಾರದ ಹಲವು ವರ್ಷದ ಉಳಿತಾಯ ಕರಗಿಹೋಗಬಲ್ಲುದು. ಆದುದರಿಂದ ಈ ಇಸವಿಯ ಶಾಸ್ತ್ರದಲ್ಲಿ ಸತ್ವವೆಷ್ಟು, ಹೊಟ್ಟೆಷ್ಟು ಎಂದು ವಿಚಾರಿಸುವುದು ವ್ಯರ್ಥವಾಗಲಾರದು.

ಮೊದಲಿಗೆ, ಇಸವಿಯೆಂಬುದೇ ಒಂದಲ್ಲ. ವರ್ಷವರ್ಷವೂ ಕಾರಿನ ಉಡುಪನ್ನು ಬದಲಾಯಿಸಿ ಕಳೆದ ವರ್ಷದ ಕಾರನ್ನು ಹಳತೆನಿಸುವ ಉಪಾಯವನ್ನು ಒಂದು ಪದ್ಧತಿಯಾಗಿ ನೆಲೆಗೊಳಿಸಿದವನು ಅಮೆರಿಕದ ಜನರಲ್ ಮೋಟಾರ್ಸಿನ ಆಲ್ಫ್ರೆಡ್ ಸ್ಲೋನ್. ಅದು 1920ರ ದಶಕದ ಮಾತು. ಅಲ್ಲಿ 2007ರ ಮಾದರಿಯೆಂದು ಕರೆಯುವ ಕಾರು 2006ರಲ್ಲಿಯೇ ಅಂಗಡಿಗೆ ಬಂದಿರುತ್ತದೆ. ನಮ್ಮಲ್ಲಿ ನೋಂದಣಿಯ ಪತ್ರದಲ್ಲಿ ತಯಾರಾದ ತಿಂಗಳು, ಇಸವಿ ಒಂದು ಕಡೆ, ನೋಂದಣಿಯಾದ ದಿನ ಇನ್ನೊಂದು ಕಡೆ. ಮಾರುವವನು ಇವೆರಡರಲ್ಲಿ ಹೊಸದನ್ನೇ ಬಾಯಿತುಂಬ ಹೇಳುತ್ತಾನೆ. ಚಾಸಿಯ ಮೇಲಿನ ಹದಿನೇಳು ಅಕ್ಷರಗಳ ಸಂಖ್ಯೆಯಲ್ಲಿ ಹತ್ತನೆಯದು ಇಸವಿಯನ್ನು ಹೇಳುತ್ತದೆಂದು ಬಲ್ಲವರು ಉಪದೇಶಿಸುವುದುಂಟು. ಅಮೆರಿಕದ ಕಾರಿಗೆ ಅದು ಸರಿ. ಯೂರೋಪಿನ ಬೆಂಜ್ ಕಾರುಗಳಲ್ಲಿ ಬಹುಕಾಲ ಆ ಹತ್ತನೆಯ ಅಂಕ ಸ್ಟಿಯರಿಂಗ್ ಯಾವ ಕಡೆಗಿದೆ ಎಂಬುದನ್ನು ಹೇಳುತ್ತಿತ್ತು: ಎಡಕ್ಕಿದ್ದರೆ 1, ಬಲಕ್ಕಿದ್ದರೆ 2. ಅಮೆರಿಕದ ಲೆಕ್ಕದಲ್ಲಿ ಇದನ್ನು ಓದಿದರೆ ಇಂಗ್ಲೆಂಡಿನಲ್ಲಿ ಓಡುವ ಅಂಥ ಕಾರುಗಳೆಲ್ಲವೂ 2002ರಲ್ಲಿ ಹುಟ್ಟಿದವಾಗುತ್ತವೆ!

ಇನ್ನು ಶಾಸ್ತ್ರದ ಮುಖ್ಯ ಸೂತ್ರಗಳಿಗೆ ಬರೋಣ. ಹೊಸ ಮಾದರಿಯ ಮೊದಲನೆಯ ವರ್ಷವನ್ನು ಕೊಳ್ಳಬೇಡ. ಅದೇ ಮಾದರಿಯ ಕಡೆಯ ವರ್ಷವನ್ನು ಕೊಳ್ಳು. ಅಷ್ಟು ಹೊತ್ತಿಗೆ ಕುಂದುಗಳೆಲ್ಲ ತಿದ್ದಿಹೋಗಿರುತ್ತವೆ ಎಂಬುದು ಇದರ ಸಾರ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮರ್ಸಿಡಿಸ್ ಬೆಂಜಿನ ಡಬ್ಲ್ಯು 124 ಎಂಬ ಮಾದರಿಯನ್ನು ನೋಡಿ. 1984ರ ಕೊನೆಯಲ್ಲಿ ಹೊರಬಂದ ಈ ಕಾರು ಗಟ್ಟಿತನಕ್ಕೆ ಹೆಸರಾಯಿತು. ಜರ್ಮನಿಯ ಟ್ಯಾಕ್ಸಿಯವರು ಲಕ್ಷಗಟ್ಟಲೆ ಕಿಲೋಮೀಟರು ದುಡಿಸಿದ ಕಾರು ಇದು. 1995ರಲ್ಲಿ ಪುಣೆಯಲ್ಲಿ ಬೆಂಜ್ ಕಾರಿನ ಜೋಡಣೆ ಆರಂಭವಾದದ್ದೂ ಇದೇ ಮಾದರಿಯಿಂದ. ಅಲ್ಲಿ ನಿವೃತ್ತಿಯಾಗುತ್ತಿದ್ದವರು ಇಲ್ಲಿ ಸೇವೆಗೆ ಸೇರಿದ ಹಾಗೆ. ಸೂತ್ರದ ಪ್ರಕಾರ 1993ರಲ್ಲಿ ಮುಖ ತಿದ್ದಿಸಿಕೊಂಡು ಬಂದ ಕಡೆಯ ವರ್ಷದ ಕಾರುಗಳೇ ಶ್ರೇಷ್ಠವಾಗಬೇಕು. ಆದದ್ದೇನು? ಸುಮಾರು 1992ರಿಂದ ಹಲವು ಪೆಟ್ರೋಲ್ ಇಂಜಿನ್ನುಗಳ ಮೇಲೆ ಹಾಯುವ ವಿದ್ಯುತ್ ತಂತಿಗಳಿಗೆ ಕಾಲಾಂತರದಲ್ಲಿ ತಾನಾಗಿ ಜೀರ್ಣವಾಗುವ ಬಗೆಯ ಹೊದಿಕೆಯನ್ನು ಹಾಕಿದರು. ಅದು ಕಸದ ಗುಂಡಿಗೆ ಸೇರಿದ ಮೇಲಲ್ಲ, ಇಂಜಿನ್ನಿನ ಕಾವಿಗೆ ಅಲ್ಲಿಯೇ ಜೀರ್ಣವಾಗತೊಡಗಿತು. ಮುಟ್ಟಿದರೆ ಹಳೆಯ ಹಪ್ಪಳದಂತೆ ಪುಡಿಯಾಗಿ ಉದುರುವ ಹೊದಿಕೆ. ಒಳಗಿನ ತಾಮ್ರದ ತಂತಿಗಳು ಒಂದಕ್ಕೊಂದು ತಾಕಿ ಇಂಜಿನ್ನು ಮುಗ್ಗರಿಸುವುದು, ಅದನ್ನು ಆಳುವ ವಿದ್ಯುತ್ ಪೆಟ್ಟಿಗೆಯೇ ಸುಟ್ಟುಹೋಗುವುದು. 1988ರ ಕಾರಿಗೆ ಇಲ್ಲದ ರೋಗ 1994ರದಕ್ಕೆ ಬಂದಿತು. ಯಂತ್ರ ಕೆಟ್ಟದ್ದಾಗಿರಲಿಲ್ಲ, ತಂತಿಯ ಸಿಪ್ಪೆ ಕೆಟ್ಟದ್ದಾಗಿತ್ತು. ಹೊಸ ತಂತಿಯ ಜಾಲವನ್ನು ಹಾಕಿಸಿದ 1994ರ ಕಾರು ಮತ್ತೆ ಮೊದಲಿನ ಗಟ್ಟಿಗನೇ. ಪಟ್ಟಿಯಲ್ಲಿ ಮಾತ್ರ ಆ ಇಸವಿಯ ಮುಂದೆ ಕೆಂಪು ಗುರುತು ಹಾಗೆಯೇ ಉಳಿದಿದೆ.

ಇದಕ್ಕಿಂತಲೂ ತೊಡಕಿನ ಪ್ರಸಂಗ 2002ರಲ್ಲಿ ಬಂದ ಡಬ್ಲ್ಯು 211ರದು. ಇದರಲ್ಲಿ ಕಾಲಿನ ಒತ್ತಡವನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸಿ, ಪಂಪೊಂದರ ಬಲದಿಂದ ಚಕ್ರಗಳನ್ನು ಹಿಡಿಯುವ ಹೊಸ ಬಗೆಯ ಬ್ರೇಕನ್ನು ಇಟ್ಟರು. ಅದು ಕೈಕೊಟ್ಟರೆ ಬ್ರೇಕು ಪೂರ್ತಿ ಹೋಗುವುದಿಲ್ಲ, ಆದರೆ ಬಹಳ ಬಲವಾಗಿ ತುಳಿಯಬೇಕಾಗುತ್ತದೆ. 2004ರಲ್ಲಿ ಇದರ ಸಲುವಾಗಿ ಕಂಪೆನಿಯವರು 6 ಲಕ್ಷ 80 ಸಾವಿರ ಕಾರುಗಳನ್ನು ಹಿಂದಕ್ಕೆ ಕರೆಸಿದರು. ಮರುವರ್ಷ ಮತ್ತೊಮ್ಮೆ ಕರೆಸಿದರು. 2006ರಲ್ಲಿ ಈ ಬ್ರೇಕನ್ನೇ ಕೈಬಿಟ್ಟು ಹಳೆಯ ಬಗೆಗೆ ಮರಳಿದರು. ಆದ್ದರಿಂದ 2006ರ ಉತ್ತರಾರ್ಧದ ಮೇಲಿನ ಕಾರನ್ನು ಕೊಳ್ಳಿರಿ ಎಂದು ಶಾಸ್ತ್ರ ಹೇಳುತ್ತದೆ. ಈ ಮಾತಿಗೆ ಆಧಾರವಿದೆಯೆಂದು ಒಪ್ಪುತ್ತೇನೆ.

ಆದರೆ ಅದೇ ಕಾಲದಲ್ಲಿ, 2004ರಿಂದ, ಎಂ 272 ಎಂಬ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನು ಬಳಕೆಗೆ ಬಂದಿತ್ತು. ಅದರ ನಡುಕವನ್ನು ಅಡಗಿಸುವುದಕ್ಕೆ ಒಳಗೊಂದು ಸಮತೋಲನದ ದಂಡ. ಅದನ್ನು ತಿರುಗಿಸುವುದಕ್ಕೆ ಒಂದು ಹಲ್ಲಿನ ಗಾಲಿ. ಆರಂಭದ ಇಂಜಿನ್ನುಗಳಲ್ಲಿ ಈ ಗಾಲಿಯ ಲೋಹ ಮೆದುವಾಗಿತ್ತು. ಹಲ್ಲು ಸವೆದರೆ ಇಂಜಿನ್ನಿನ ತಾಳವೇ ತಪ್ಪುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಗಾಲಿಗಾಗಿ ಇಡೀ ಇಂಜಿನ್ನನ್ನು ಕಾರಿನಿಂದ ಎತ್ತಿ ಹೊರಗಿಡಬೇಕು. ಸಾಮಾನಿಗಿಂತ ಕೂಲಿಯ ಹೊರೆಯೇ ಹೆಚ್ಚು. ಇದನ್ನು ತಿದ್ದಿದ್ದೂ 2006ರ ಸುಮಾರಿಗೇ. ಆದರೆ ಬ್ರೇಕನ್ನು ಬದಲಾಯಿಸಿದ ದಿನವೂ ಗಾಲಿಯನ್ನು ಬದಲಾಯಿಸಿದ ದಿನವೂ ಒಂದೇ ಅಲ್ಲ. ಬ್ರೇಕಿಗೆ ಹೆದರಿ ಹೊಸ ಮುಖದ ಕಾರನ್ನು ಆರಿಸಿಕೊಂಡವನಿಗೆ ಹಳೆಯ ಗಾಲಿಯ ಇಂಜಿನ್ನೇ ದೊರೆಯಬಹುದು. ಇಲ್ಲಿ ಎಲ್ಲೆಯನ್ನು ಎಳೆದದ್ದು ಇಸವಿಯಲ್ಲ, ಇಂಜಿನ್ನಿನ ಸಂಖ್ಯೆ. ಅದರ ಕೊನೆಯ ಆರು ಅಂಕಗಳು 468993 ಅನ್ನು ದಾಟಿದ್ದರೆ ಆ ಭಯವಿಲ್ಲ. ಅದೇ ಕಾರಿನಲ್ಲಿ ಡೀಸೆಲ್ ಇಂಜಿನ್ ಇದ್ದರಂತೂ ಈ ಗಾಲಿಯ ಮಾತೇ ಬರುವುದಿಲ್ಲ. ಒಂದೇ ಇಸವಿ, ಒಂದೇ ಹೆಸರು, ಒಂದೇ ಬಣ್ಣ. ಒಂದು ಸಾಧು, ಇನ್ನೊಂದು ಸಾಲಗಾರ.

ಆ ಬ್ರೇಕಿನ ಪಂಪಿಗೆ ಇನ್ನೊಂದು ವಿಶೇಷವುಂಟು. ತಾನು ಎಷ್ಟು ಸಲ ದುಡಿದೆನೆಂಬುದನ್ನು ಅದು ತಾನೇ ಎಣಿಸಿಡುತ್ತದೆ; ನಿಗದಿಯಾದ ಎಣಿಕೆ ಮುಗಿದರೆ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಹೆದ್ದಾರಿಯಲ್ಲಿ ಓಡಿದ ಒಂದು ಲಕ್ಷ ಕಿಲೋಮೀಟರೂ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ಸುತ್ತ ತೆವಳಿದ ಒಂದು ಲಕ್ಷವೂ ಅದರ ಲೆಕ್ಕದಲ್ಲಿ ಹೇಗೆ ಸಮವಾದಾವು?

ಮೊದಲ ವರ್ಷದ ಭಯವೂ ಅಷ್ಟೆ. ಜಪಾನಿನವರ ಲೆಕ್ಸಸ್ ಎಲ್.ಎಸ್. 400 ಹೊರಬಂದದ್ದು 1989ರಲ್ಲಿ. ಹೊಸ ಹೆಸರು, ಹೊಸ ಇಂಜಿನ್ನು. ಕೆಲವೇ ತಿಂಗಳಲ್ಲಿ ಸುಮಾರು 8,000 ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಸೂತ್ರ ಗೆದ್ದಿತೆಂದೇ ಎನ್ನಿ. ಆದರೆ ಸಣ್ಣ ಕುಂದುಗಳನ್ನು ತಿದ್ದಿ ಹಿಂದಿರುಗಿಸಿದ ಮೇಲೆ ಆ ಮಾದರಿ ದೀರ್ಘಾಯುಷ್ಯಕ್ಕೆ ದೃಷ್ಟಾಂತವಾಯಿತು.

ಪಟ್ಟಿಗಳು ಎಲ್ಲಿ ಹುಟ್ಟಿದವೆಂಬುದನ್ನೂ ನೋಡಬೇಕು. 1995ರಲ್ಲಿ ಬಂದ ಡಬ್ಲ್ಯು 210 ಮಾದರಿಗೆ ತುಕ್ಕಿನ ಕಾಟವೆಂದು ಯೂರೋಪಿನವರೆಲ್ಲರೂ ದೂರುತ್ತಾರೆ. ಅವರ ರಸ್ತೆಗಳ ಮೇಲೆ ಚಳಿಗಾಲದಲ್ಲಿ ಮಂಜು ಕರಗಿಸಲು ಉಪ್ಪು ಸುರಿಯುತ್ತಾರೆ. ಮೈಸೂರಿನಲ್ಲಿ ನಿಂತ ಕಾರಿಗೆ ಆ ಶಾಪ ಅಷ್ಟಾಗಿ ತಟ್ಟದು. ಕಾರವಾರದ ಕಡಲ ಗಾಳಿಯಲ್ಲಿಯೂ ಮಳೆಯಲ್ಲಿಯೂ ನೆನೆದ ಕಾರಿಗೆ ತಟ್ಟೀತು. ನಮ್ಮ ಬಿಸಿಲು, ಧೂಳು, ರಸ್ತೆಯ ಉಬ್ಬುಗಳು ಕಾಡುವುದು ರಬ್ಬರನ್ನು, ಸಸ್ಪೆನ್ಷನ್ನನ್ನು. ಇವುಗಳ ಮಾತನ್ನು ಆ ಪಟ್ಟಿಗಳಲ್ಲಿ ಹುಡುಕಬೇಕು. ಇನ್ನು ಸಮೀಕ್ಷೆಗಳು. ಜೆ. ಡಿ. ಪವರ್ ಎಂಬ ಹೆಸರಾಂತ ಸಂಸ್ಥೆ ಅಮೆರಿಕದಲ್ಲಿ ಮೂರು ವರ್ಷದ ಕಾರುಗಳ ಮೊದಲ ಮಾಲೀಕರನ್ನು ವಿಚಾರಿಸಿ, ನೂರು ಕಾರಿಗೆ ಇಷ್ಟು ದೂರುಗಳೆಂದು ಅಂಕ ಕೊಡುತ್ತದೆ. ಟೆಲಿಫೋನು ಕಾರಿನೊಡನೆ ಮಾತಾಡದಿದ್ದರೂ ಒಂದು ದೂರು, ಗೇರ್ ಬಾಕ್ಸು ಒಡೆದರೂ ಒಂದು ದೂರು. ಮೊದಲ ಮಾಲೀಕನಿಗೆ ಇದು ಉಪಯುಕ್ತವೇ ಹೌದು. ಹನ್ನೆರಡು ವರ್ಷದ ಕಾರನ್ನು ಮೂರನೆಯ ಕೈಯಲ್ಲಿ ಕೊಳ್ಳುವವನು ಇದನ್ನು ನಂಬುವುದು, ಶಿಶುವಿಹಾರದ ಅಂಕಪಟ್ಟಿಯನ್ನು ನೋಡಿ ಕನ್ಯಾದಾನ ಮಾಡಿದಂತೆ.

ನಮ್ಮ ದನಗಳ ಜಾತ್ರೆಗಳಲ್ಲಿ ಎತ್ತಿನ ವಯಸ್ಸನ್ನು ಹಲ್ಲು ನೋಡಿ ತಿಳಿಯುತ್ತಾರೆ. ಆದರೆ ಹಲ್ಲನ್ನಷ್ಟೇ ನೋಡಿ ಹಣ ಎಣಿಸಿದ ರೈತನನ್ನು ನಾನು ಕಂಡಿಲ್ಲ. ನಾಲ್ಕು ಹೆಜ್ಜೆ ನಡೆಸುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ, ಹೆಗಲ ಮೇಲಿನ ನೊಗದ ಗುರುತನ್ನು ಸವರುತ್ತಾನೆ, ಯಾರ ಮನೆಯ ಎತ್ತು ಎಂದು ಕೇಳುತ್ತಾನೆ.

ಕಳೆದ ವರ್ಷ ನನ್ನ ಮಿತ್ರರೊಬ್ಬರ ಮಗ, ಖಾಸಗಿ ಕಾಲೇಜಿನ ಉಪನ್ಯಾಸಕ, ನನ್ನಲ್ಲಿಗೆ ಬಂದ. ತಂದೆಗೆ ಬಂದ ಗ್ರ್ಯಾಚುಯಿಟಿ ಹಣದ ಬಹುಭಾಗ ಈ ವ್ಯವಹಾರಕ್ಕೆ ಹೋಗುವುದರಲ್ಲಿತ್ತು. "ಮೇಷ್ಟ್ರೇ, ಎರಡು ಕಾರು ನೋಡಿದ್ದೇನೆ. 2013ರದು ಬೇಡವಂತೆ, 2015ರದೇ ಒಳ್ಳೆಯ ಇಸವಿಯಂತೆ," ಎಂದ. "ಯಾರಪ್ಪ ಹೇಳಿದವರು?" ಎಂದರೆ ಪಟ್ಟಿಯನ್ನು ತೋರಿಸಿದ. ನನಗೆ ಪರಿಚಯದ ವೃದ್ಧ ಮೆಕ್ಯಾನಿಕ್ಕರೊಬ್ಬರನ್ನು ಕರೆದುಕೊಂಡು ಹೋದೆವು. ಅವರು ಇಂಜಿನ್ನಿನ ಮುಚ್ಚಳವನ್ನು ತೆರೆಯುವ ಗೋಜಿಗೇ ಹೋಗಲಿಲ್ಲ. ಆ 2015ರ ಕಾರಿನ ಸೀಟು ಬೆಲ್ಟನ್ನು ಕೊನೆಯತನಕ ಎಳೆದರು. ಎಂದೂ ಹೊರಗೆ ಬಾರದ ಆ ಕೊನೆಯ ಗೇಣಿನಲ್ಲಿ ಕೆಸರುನೀರಿನ ಒಂದು ಗೆರೆ ಒಣಗಿ ನಿಂತಿತ್ತು. ಹೆಚ್ಚುವರಿ ಚಕ್ರದ ಗುಂಡಿಯಲ್ಲಿ ಬೆರಳಾಡಿಸಿದರೆ ನಯವಾದ ಹೂಳು. ಕಾರಿನ ಮೊದಲ ನೋಂದಣಿ ಚೆನ್ನೈಯದು. 2015ರ ಡಿಸೆಂಬರಿನಲ್ಲಿ ಆ ನಗರ ಮುಳುಗಿದ್ದು ಎಲ್ಲರಿಗೂ ತಿಳಿದದ್ದೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಭಾರಿ ಬೆಲೆಯ ಕಾರುಗಳು ಕೊರಳುದ್ದ ನೀರಿನಲ್ಲಿ ನಿಂತದ್ದನ್ನು ನಾವೇ ಕಂಡಿದ್ದೇವೆ. ನೀರು ಕುಡಿದ ವಿದ್ಯುತ್ ಪೆಟ್ಟಿಗೆಗಳು ಎರಡು ವರ್ಷ ಸುಮ್ಮನಿದ್ದು ಆಮೇಲೆ ಒಂದೊಂದಾಗಿ ಸಾಯಬಲ್ಲವು. ಒಳ್ಳೆಯ ಇಸವಿ ಇದನ್ನು ತಡೆಯುವುದೂ ಇಲ್ಲ, ಹೇಳುವುದೂ ಇಲ್ಲ. ಹುಡುಗ ಮುಂಗಡ ಕೊಡದೆ ಹಿಂದಿರುಗಿದ.

ಹಾಗಾದರೆ ಇಸವಿಯನ್ನು ಕೇಳಲೇಬಾರದೆ ಎಂದರೆ, ಕೇಳಬೇಕು. ಕಾರು 1994ರದಾದರೆ ತಂತಿಯ ಜಾಲ ಬದಲಾಯಿತೆ, ರಸೀದಿ ಎಲ್ಲಿ ಎಂದು ಕೇಳಬೇಕು. 2005ರದಾದರೆ ಬ್ರೇಕಿನ ಪಂಪಿನ ವಿಚಾರ, ಗಾಲಿಯ ವಿಚಾರ. ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದನ್ನು ಇಸವಿ ತಿಳಿಸಿಕೊಡುತ್ತದೆ. ಉತ್ತರವಿರುವುದು ಆ ಕಾರಿನ ಕಾಗದಪತ್ರಗಳಲ್ಲಿ. ಪಟ್ಟಿಯಲ್ಲಿ ಕೆಟ್ಟ ಹೆಸರು ಪಡೆದ ಇಸವಿಗೆ ಬೆಲೆ ಕಡಿಮೆ. ರೋಗ ವಾಸಿಯಾದ ರಸೀದಿಯೂ ಜೊತೆಗಿದ್ದರೆ ಕೊಳ್ಳುವವನಿಗೆ ಅದು ಲಾಭವೇ. ಇಂಜಿನ್ನಿನ ಸಂಖ್ಯೆಗಾಗಿ ಎಲ್ಲಿಯೂ ಅಲೆಯಬೇಕಾಗಿಲ್ಲ. ಮಾರುವವನು ಇಸವಿಯನ್ನು ಬೆರಳಿಟ್ಟು ತೋರಿಸುವ ಆ ನೋಂದಣಿಯ ಪತ್ರದಲ್ಲಿಯೇ ಅದೂ ಅಚ್ಚಾಗಿರುತ್ತದೆ.