ಪಂಪ್ ಮನೆಗೂ ಎಲ್‌ಸಿ ಪದ್ಧತಿ ಬರಲಿ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಉತ್ತರ ಕನ್ನಡ ಜಿಲ್ಲಾ ಪಂಚಾಯತ್, ಕಾರವಾರ.

ಇಂದ,
ಸೋಂದಾ ಭಾಗದ ನೀರುಗಂಟಿಗಳು, ಮೋಟಾರ್ ರಿಪೇರಿ ಕೆಲಸಗಾರರು ಮತ್ತು ಅಡಿಕೆ ಬೆಳೆಗಾರರು,
ಶಿರಸಿ ತಾಲ್ಲೂಕು.

ವಿಷಯ: ಕುಡಿಯುವ ನೀರಿನ ಪಂಪುಗಳ ನಿತ್ಯ ನಿರ್ವಹಣೆ ಮಾಡುವವರ ಜೀವರಕ್ಷಣೆಗೆ ಕಟ್ಟುನಿಟ್ಟಿನ ಪದ್ಧತಿ ಜಾರಿಗೊಳಿಸುವ ಕುರಿತು.

ಮಾನ್ಯರೇ,

ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಒಂದು ಕಾಲದಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ತಾನಾಗಿ ಇಳಿದು ಬರುತ್ತಿತ್ತು. ಈಗ ಬಾವಿಯಿಂದಲೋ ಕೊಳವೆಬಾವಿಯಿಂದಲೋ ಎತ್ತಿ, ದಿಬ್ಬದ ಮೇಲಿನ ಟ್ಯಾಂಕಿಗೆ ಏರಿಸಿ, ನಲ್ಲಿಗೆ ಬಿಡಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗುರಿ ಇಟ್ಟಿದೆ. ಆ ಗುರಿಯನ್ನು ನಾವು ಮನಸಾರೆ ಒಪ್ಪುತ್ತೇವೆ. ಆ 55 ಲೀಟರಿಗಾಗಿ ಯಾರ ಕೈಯೂ ಯಂತ್ರಕ್ಕೆ ಸಿಕ್ಕಬಾರದು ಎಂಬುದಷ್ಟೇ ನಮ್ಮ ಕೋರಿಕೆ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಮಲೆನಾಡಿನಲ್ಲಿ ಹೊಸತಲ್ಲ. ಹೇಗೂ ಕರೆಂಟಿಲ್ಲ, ಇದೇ ಹೊತ್ತಿನಲ್ಲಿ ಕಪ್ಲಿಂಗ್ ಬಿಚ್ಚಿಬಿಡೋಣ, ಗ್ಲ್ಯಾಂಡಿಗೆ ಹೊಸ ಹಗ್ಗ ಸುತ್ತೋಣ ಎಂದು ನೀರುಗಂಟಿ ಪಂಪಿಗೆ ಕೈ ಹಾಕುತ್ತಾರೆ. ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ಇದೇ. ಸ್ಟಾರ್ಟರ್ ಆಟೋದಲ್ಲಿದ್ದರೆ, ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಮೋಟಾರು ಯಾರನ್ನೂ ಕೇಳದೆ ಹೊರಡುತ್ತದೆ. ಎರಡು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 2,900 ಸುತ್ತು, ಅಂದರೆ ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಕೈ ಹಿಂದಕ್ಕೆಳೆಯಲು ವೇಳೆಯೇ ಸಿಗುವುದಿಲ್ಲ. ಮೊಬೈಲ್ ಸ್ಟಾರ್ಟರ್ ಬಂದ ಮೇಲಂತೂ, ಪಂಪ್ ಮನೆಯೊಳಗೆ ಯಾರಿದ್ದಾರೆಂದು ಕಾಣದವರೂ ಎಲ್ಲಿಂದಲೋ ಒಂದು ಕರೆ ಮಾಡಿ ಅದನ್ನು ಚಾಲೂ ಮಾಡಬಲ್ಲರು.

ವಿದ್ಯುತ್ ಲೈನಿನ ಕೆಲಸದಲ್ಲಿ ಇದಕ್ಕೆ ಪರಿಹಾರ ಎಂದೋ ಸಿಕ್ಕಿದೆ. ಲೈನ್‌ಮನ್ ಕಂಬ ಹತ್ತುವ ಮೊದಲು ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಪಡೆಯಬೇಕು. ಪಡೆದವರೇ ಅದನ್ನು ಹಿಂತಿರುಗಿಸುವ ತನಕ ಆ ಲೈನಿಗೆ ವಿದ್ಯುತ್ ಹರಿಸುವಂತಿಲ್ಲ. ಪಂಪ್ ಮನೆಗೂ ಇದೇ ಪದ್ಧತಿ ಬೇಕೆಂಬುದು ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ. ಪ್ರತಿ ಪಂಪ್ ಮನೆಯಲ್ಲಿ ಬೀಗ ಹಾಕಬಹುದಾದ ಮೇನ್ ಸ್ವಿಚ್ ಇರಲಿ. ರಿಪೇರಿಗೆ ಇಳಿಯುವವರು ಅದನ್ನು ಆಫ್ ಮಾಡಿ, ತಮ್ಮದೇ ಬೀಗ ಜಡಿದು, ಹೆಸರು ಮತ್ತು ವೇಳೆ ಬರೆದ ಚೀಟಿ ತೂಗುಹಾಕಲಿ. ಕೀಲಿ ಅವರ ಕಿಸೆಯಲ್ಲೇ ಇರಲಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಬೀಗ ಹಾಕಿದ ಮೇಲೂ ಟೆಸ್ಟರ್ ಒಂದನ್ನೇ ನಂಬದೆ, ಮೀಟರಿನಲ್ಲಿ ಮೂರೂ ಫೇಸ್ ನೋಡಿ, ಸ್ಟಾರ್ಟರ್ ಗುಂಡಿ ಒತ್ತಿ ಪರೀಕ್ಷಿಸಿದ ನಂತರವೇ ಸ್ಪ್ಯಾನರ್ ಹಿಡಿಯಬೇಕು. ಫ್ಯೂಸ್ ಕಿತ್ತು ಮೂಲೆಯಲ್ಲಿಟ್ಟರೆ ಸಾಲದು. ನೀರಿಲ್ಲವೆಂದು ಬಂದ ಬೇರೊಬ್ಬರು ಅದನ್ನು ಮತ್ತೆ ಹಾಕಬಹುದು.

ಇದು ಅತಿಯಾದ ಎಚ್ಚರಿಕೆ ಎನ್ನುವವರು 1988ರ ಜುಲೈ 6ರ ರಾತ್ರಿಯನ್ನು ನೆನೆಯಬೇಕು. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪನ್ನು ನಿರ್ವಹಣೆಗೆಂದು ನಿಲ್ಲಿಸಿ, ಅದರ ಸುರಕ್ಷಾ ವಾಲ್ವ್ ಬಿಚ್ಚಲಾಗಿತ್ತು. ಆ ಸಂಗತಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟಿಸಿ 167 ಜನ ಸತ್ತರು. ನಮ್ಮ ಪಂಪಿನಲ್ಲಿ ಅನಿಲವಿಲ್ಲ, ನೀರಿದೆ, ನಿಜ. ಆದರೆ ಒಬ್ಬರು ಬಿಚ್ಚಿಟ್ಟದ್ದು ಇನ್ನೊಬ್ಬರಿಗೆ ತಿಳಿಯದಿರುವ ಸ್ಥಿತಿ ಇಲ್ಲೂ ಬರಬಹುದು. ಆದ್ದರಿಂದ ಪ್ರತಿ ಪಂಪ್ ಮನೆಗೆ ಒಂದು ರಿಜಿಸ್ಟರ್ ಕೊಡಿ. ಏನು ಬಿಚ್ಚಿದೆ, ಯಾರು ಬಿಚ್ಚಿದರು, ಯಾವಾಗ ಜೋಡಿಸಿದರು ಎಂಬಷ್ಟು ಅದರಲ್ಲಿ ಬರೆದರೆ ಸಾಕು.

ಕರೆಂಟು ತೆಗೆದ ಮಾತ್ರಕ್ಕೆ ಪಂಪಿನ ಶಕ್ತಿ ಮುಗಿಯುವುದಿಲ್ಲ. ಟ್ಯಾಂಕು 40 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಪೈಪಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ಒತ್ತಡ ನಿಂತಿರುತ್ತದೆ. ವಾಲ್ವ್ ಮುಚ್ಚಿ, ಪೈಪಿನ ನೀರು ಬಸಿಯದೆ ಫ್ಲ್ಯಾಂಜ್ ಸಡಿಲಿಸಿದರೆ ಅದು ಮುಖಕ್ಕೇ ಚಿಮ್ಮುತ್ತದೆ. ಹೀಗೆ ಬಸಿಯಲು ಎಲ್ಲ ಡೆಲಿವರಿ ಪೈಪುಗಳಿಗೆ ಒಂದು ಡ್ರೈನ್ ಕಾಕ್ ಮತ್ತು ಪ್ರೆಶರ್ ಮೀಟರ್ ಬೇಕು. ದೊಡ್ಡ ಖರ್ಚಿನ ಮಾತಲ್ಲ. ಕಪ್ಲಿಂಗಿಗೆ ಜಾಲರಿ ಕವಚವೂ ಹಾಗೆಯೇ. ಗ್ಲ್ಯಾಂಡಿನಿಂದ ಹನಿ ಹನಿ ನೀರು ಬೀಳಲೇಬೇಕು, ಹಗ್ಗವನ್ನೂ ಶಾಫ್ಟನ್ನೂ ತಂಪಾಗಿಡುವುದು ಆ ನೀರೇ. ಇದನ್ನು ತಿಳಿಸಿ ಹೇಳುವವರಿಲ್ಲದೆ ಸೋರಿಕೆ ನಿಲ್ಲಿಸಲು ಓಡುವ ಪಂಪಿನ ಗ್ಲ್ಯಾಂಡನ್ನೇ ಬಿಗಿ ಮಾಡಲು ಹೋಗುವವರಿದ್ದಾರೆ. ಆಗ ಅಂಗಿಯ ತೋಳು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಓಡುವ ಯಂತ್ರದ ಹತ್ತಿರ ವಿಶೇಷ ತರಬೇತಿ ಪಡೆದವರು ಮಾತ್ರ, ಮೈಗಂಟಿದ ಉಡುಪಿನಲ್ಲಿ ಕೆಲಸ ಮಾಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 22ನೇ ಕಲಮು ಆಗಲೇ ಹೇಳಿತ್ತು. ಪಂಚಾಯತಿಯ ಪಂಪ್ ಮನೆ ಕಾರ್ಖಾನೆಯೇ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಎರಡೂ ಕಡೆ ತಿರುಗುವ ಶಾಫ್ಟು ಒಂದೇ ಬಗೆಯದು.

ಬಾವಿಗಿಳಿಯುವ ಕೆಲಸದ ಬಗ್ಗೆ ತಮ್ಮ ವಿಶೇಷ ಗಮನ ಬೇಕು. ಫುಟ್‌ವಾಲ್ವ್ ಕಸ ಕಟ್ಟಿದರೆ ಯಾರಾದರೂ ಇಳಿಯಲೇಬೇಕಾಗುತ್ತದೆ. ದೀಪ ಇಳಿಸಿ ನೋಡುವ ಹಿರಿಯರ ಪದ್ಧತಿ ಆಮ್ಲಜನಕ ತೀರಾ ಕಡಿಮೆಯಿದ್ದರೆ ಹೇಳೀತು. ಆದರೆ ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗಿಟ್ಟು ಓಡಿಸಿದಾಗ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್‌ನಲ್ಲಿ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಬಾವಿಯೊಳಗೆ ಎಂಜಿನ್ ಪಂಪು ಇಳಿಸುವುದನ್ನೇ ನಿಷೇಧಿಸಿ. ತಾಲ್ಲೂಕಿಗೆ ಕನಿಷ್ಠ ಒಂದು ಅನಿಲ ಪರೀಕ್ಷಕ, ಗಾಳಿ ಊದುವ ಬ್ಲೋವರ್, ಸೊಂಟಪಟ್ಟಿ, ಹಗ್ಗ, ಮುಕ್ಕಾಲಿ ಒದಗಿಸಿ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ತೋರಿದರೆ ಯಾರನ್ನೂ ಇಳಿಸಬಾರದು. ಮೇಲೆ ಹಗ್ಗ ಹಿಡಿದು ಒಬ್ಬರು ಕಾಯದೆ ಯಾರೂ ಇಳಿಯಬಾರದು.

ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಆ ದಿನಗಳಲ್ಲೇ ಅದನ್ನು ಅಳೆಸಬೇಕು, ಮಳೆ ಬಂದ ಮೇಲಲ್ಲ. ಎಲ್ಲ ಪ್ಯಾನೆಲ್‌ಗಳಿಗೂ ವಿದ್ಯುತ್ ಸೋರಿಕೆ ತಡೆಯುವ ಸಾಧನ ಅಳವಡಿಸಬೇಕು.

ಜಿಲ್ಲೆಯ ಐಟಿಐಗಳ ಮೂಲಕ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ನೀರುಗಂಟಿಗಳಿಗೆ ಪಂಪ್ ಮನೆಯಲ್ಲೇ, ಕನ್ನಡದಲ್ಲೇ ತರಬೇತಿ ಕೊಡಿಸಿ. ಆ ದಿನದ ಕೂಲಿಯೂ ಸಿಗಲಿ. ಕೊಳೆರೋಗಕ್ಕೆ ಬೋರ್ಡೊ ಹೊಡೆಯುವ ಪಂಪುಗಳನ್ನು ನಡೆಸುವವರಿಗೂ ಅಲ್ಲಿ ಜಾಗವಿರಲಿ. ಅವರನ್ನು ಕಳಿಸುವ ಮತ್ತು ತೋಟದ ಪಂಪುಗಳ ಬೆಲ್ಟಿಗೆ ಕವಚ ಹಾಕಿಸುವ ಹೊಣೆಯನ್ನು ಬೆಳೆಗಾರರು ಹೊರುತ್ತೇವೆ. ಗುತ್ತಿಗೆಯಲ್ಲಿ ರಿಪೇರಿ ಕೊಡುವಾಗ ಬೀಗದ ಪದ್ಧತಿ ಪಾಲಿಸುವುದನ್ನು ಕರಾರಿನಲ್ಲೇ ಬರೆಸಿ. ಗಾಯವಾದವರಿಗೆ ಕಾನೂನಿನಂತೆ ಸಲ್ಲಬೇಕಾದ ಪರಿಹಾರ ಕಾಯಂ ನೌಕರ, ದಿನಗೂಲಿ ಎಂಬ ಭೇದವಿಲ್ಲದೆ ಸಲ್ಲುವಂತೆ ನೋಡಿಕೊಳ್ಳಿ.

ರಿಪೇರಿಗೆಂದು ನೀರು ನಿಲ್ಲಿಸಿದ ದಿನ ನೀರುಗಂಟಿಯ ಮೇಲೆ ಊರಿನ ಒತ್ತಡ ಬೀಳುತ್ತದೆ. ಅವಸರದಲ್ಲಿ ಬಿಟ್ಟುಹೋಗುವುದು ಬೀಗವೇ. ಆದ್ದರಿಂದ ತಿಂಗಳಿಗೊಂದು ನಿರ್ವಹಣಾ ದಿನವನ್ನು ಮೊದಲೇ ಗೊತ್ತುಮಾಡಿ ಡಂಗುರ ಸಾರಿಸಿ. ಆ ದಿನ ನೀರು ಬರಲಿಲ್ಲವೆಂದು ಯಾರ ಮೇಲೂ ದೂರು ದಾಖಲಿಸುವುದಿಲ್ಲವೆಂದು ಸಹಿ ಮಾಡಿದ ನಾವೆಲ್ಲ ಒಪ್ಪಿದ್ದೇವೆ.

ಬೀಗ, ಚೀಟಿ ಮತ್ತು ರಿಜಿಸ್ಟರ್ ಕುರಿತ ಆದೇಶವನ್ನು ಮುಂಬರುವ ಮಳೆಗಾಲಕ್ಕೆ ಮೊದಲೇ ಹೊರಡಿಸಬೇಕೆಂದೂ, ಉಳಿದ ಬೇಡಿಕೆಗಳ ಬಗ್ಗೆ ಲಿಖಿತ ಉತ್ತರ ನೀಡಬೇಕೆಂದೂ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳ ಪಟ್ಟಿ ಲಗತ್ತಿಸಿದೆ)
ಸ್ಥಳ: ಸೋಂದಾ

ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯತ್, ಶಿರಸಿ, ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯತ್, ಸೋಂದಾ, ಹೆಸ್ಕಾಂ ಕಚೇರಿ, ಶಿರಸಿ.